ಬಾಕ್ಸ್ ರೂಮಿನ ನಾಲ್ಕು ತಿಂಗಳು

ಇಂಗ್ಲೆಂಡಿನಲ್ಲಿ ನಮ್ಮವರನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು, ಕೋಟು ಮೂಸಿದರೆ ಸಾಕು. ಚಳಿಗೆ ಹೆದರಿ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುತ್ತೇವೆ. ಬಾಗಿಲ ಬಳಿ ನೇತುಹಾಕಿದ ಕೋಟು ಮನೆಯ ಒಗ್ಗರಣೆಯನ್ನೆಲ್ಲ ಹೀರಿಕೊಂಡು, ಮರುದಿನ ಆಫೀಸಿನ ಲಿಫ್ಟಿನಲ್ಲಿ ನಮ್ಮ ಮಾನ ಕಳೆಯುತ್ತದೆ. ಕಳೆದ ಶನಿವಾರ ಬರ್ಮಿಂಗ್‌ಹ್ಯಾಮಿನ ಬಳಿಯ ಟಿವಿಡೇಲ್ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಹೆಂಗಸಿನ ಕೋಟಿನಿಂದ ಸಾರಿನ ಪುಡಿ ಹುರಿದ ಘಮ ಬಂತು. ಕೊತ್ತಂಬರಿ ಬೀಜ, ಮೆಂತ್ಯ, ಕರಿಬೇವು, ಎಲ್ಲ ಒಂದು ಚೂರು ಜಾಸ್ತಿಯೇ ಹುರಿದದ್ದು. ಈ ವಾಸನೆ ನನಗೆ ಗೊತ್ತಲ್ಲ ಎಂದುಕೊಳ್ಳುವಷ್ಟರಲ್ಲಿ ಆಕೆ ತಿರುಗಿ ನನ್ನನ್ನು ನೋಡಿದರು. ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಸಾಲು ಬಿಟ್ಟು ಹೊರಟೇ ಹೋದರು.

"ಯಾರೇ ಅದು? ದೆವ್ವ ಕಂಡ ಹಾಗೆ ಓಡಿದ್ರಲ್ಲ!" ಎಂದರು ಹಿಂದೆ ನಿಂತಿದ್ದ ನಮ್ಮ ಯಜಮಾನರು.

"ಹಳೇ ಕೆಲಸ," ಎಂದೆ. ಅವರು ಮತ್ತೆ ಕೇಳಲಿಲ್ಲ. ಹನ್ನೊಂದು ವರ್ಷ ಇಂಥದೇ ಎರಡು ಪದದ ಉತ್ತರ ಕೊಟ್ಟು ಅವರನ್ನು ಪಳಗಿಸಿದ್ದೇನೆ.

ಆ ಕೆಲಸ ಏನೆಂದು ನಿಮಗಾದರೂ ಹೇಳಬೇಕು. ಸರ್ಕಾರದ ಗುಟ್ಟು ಕಾಪಾಡಬೇಕಾದ ಹುದ್ದೆಗಳಿಗೆ ಸೇರುವವರ ಪೂರ್ವಾಪರ ವಿಚಾರಿಸುವುದು. ಇಲ್ಲಿ ಅದಕ್ಕೆ ವೆಟಿಂಗ್ ಎನ್ನುತ್ತಾರೆ. ಸರ್ಕಾರ ಆ ಕೆಲಸವನ್ನು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತ್ತು, ಕಂಪನಿ ನನ್ನಂಥವರಿಗೆ ಫೈಲಿನ ಲೆಕ್ಕದಲ್ಲಿ ಒಳಗುತ್ತಿಗೆ ಕೊಟ್ಟಿತ್ತು. ಕೊರಳಲ್ಲೊಂದು ಗುರುತಿನ ಚೀಟಿ, ಕಾರಿನಲ್ಲೊಂದು ಬ್ಯಾಗು, ಬರ್ಮಿಂಗ್‌ಹ್ಯಾಮಿನಿಂದ ಲೀಡ್ಸ್‌ವರೆಗೆ ಯಾವ ಊರಿಗಾದರೂ ಸರಿ. ನಮ್ಮ ಗೆಳತಿಯರ ಬಳಗದಲ್ಲಿ ನನಗೆ "ಸಿಐಡಿ" ಎಂದೇ ಹೆಸರು ಬಿತ್ತು. ಮಫ್ತಿ, ಪಿಸ್ತೂಲು ಎಲ್ಲ ಇದೆ ಎಂದು ಅವರ ಮಕ್ಕಳು ನಂಬಿದ್ದರು. ನನ್ನ ಬ್ಯಾಗಿನಲ್ಲಿ ಇದ್ದದ್ದು ಎರಡು ಪೆನ್ನು, ಒಂದು ಡಬ್ಬಿ ಮೊಸರನ್ನ.

ಈ ವಿದ್ಯೆಗೆ ಕಂಪನಿಯವರು ತರಬೇತಿ ಕೊಟ್ಟರು ನಿಜ, ಆದರೆ ನಾನು ಕಲಿತದ್ದು ಮೈಸೂರಿನ ನಮ್ಮ ಸೋದರತ್ತೆಯಿಂದ. ಮನೆತನದಲ್ಲಿ ಯಾರಿಗೆ ಗಂಡು ನೋಡಿದರೂ ಆ ಗಂಡಿನ ಬೀದಿಗೆ ಮೊದಲು ಹೋಗುತ್ತಿದ್ದವಳು ಅವಳು. ಗಂಡಿನ ಮನೆಗಲ್ಲ, ಎದುರಿನ ಹೂವಿನವಳ ಹತ್ತಿರ. ಎರಡು ಮೊಳ ಮಲ್ಲಿಗೆ ಕೊಂಡು, ಮುಡಿದುಕೊಂಡು, ನಿಧಾನಕ್ಕೆ ಮಾತು ತೆಗೆಯುವಳು. "ಹೊಗಳೋರ್ನ ಬಿಟ್ಬಿಡು. ಬಾಯಿ ತೆರೆಯೋಕೆ ಮುಂಚೆ ಒಂದು ಸಲ ಉಗುಳು ನುಂಗ್ತಾರಲ್ಲ, ಅಲ್ಲಿ ಕೂತ್ಕೋ," ಎನ್ನುವಳು. ನಾನು ಅಲ್ಲಿಯೇ ಕೂತೆ, ಹನ್ನೊಂದು ವರ್ಷ. ಹೆಮ್ಮೆ ಎಂದುಕೊಳ್ಳಿ, ಬೇಕಾದರೆ ಜಂಬ ಎನ್ನಿ, ನನ್ನ ಕಣ್ಣಿಗೆ ಮಣ್ಣೆರಚಿದವರು ಬಹಳ ಕಡಿಮೆ.

ಇಂಗ್ಲಿಷಿನವರು ಹೊಗಳುವುದರಲ್ಲಿ ಕಡುಜಿಪುಣರು. ಲೀಡ್ಸಿನ ಒಬ್ಬ ಮುದುಕ ಮೂವತ್ತು ವರ್ಷದ ಗೆಳೆಯನ ಬಗ್ಗೆ ಅರ್ಧ ಗಂಟೆ ಯೋಚಿಸಿ, "ಪರವಾಗಿಲ್ಲ, ಒಳ್ಳೆಯವನೇ," ಎಂದು ಅಷ್ಟಕ್ಕೇ ದಣಿದುಹೋದ. ನಮ್ಮವರು ಹಾಗಲ್ಲ. ನಾನು ಕುರ್ಚಿಯಲ್ಲಿ ಕೂರುವ ಮೊದಲೇ "ಬಂಗಾರದಂಥ ಹುಡುಗ ಮೇಡಂ!" ಎಂದು ಶುರು. ಏನಾದರೂ ದೌರ್ಬಲ್ಯ? "ಸ್ವೀಟ್ ಸ್ವಲ್ಪ ಜಾಸ್ತಿ ತಿಂತಾನೆ." ಕುಡಿತ? "ರಾಮ ರಾಮ!" ಎನ್ನುವಾಗ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಬಾಟಲಿಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿರುತ್ತಿದ್ದವು. ಅವರ ತಪ್ಪಲ್ಲ. ಒಬ್ಬರ ಬಗ್ಗೆ ಯಾರಾದರೂ ವಿಚಾರಿಸಲು ಬಂದರೆ ಅದು ಸಂಬಂಧ ಬೆಳೆಸಲಿಕ್ಕೇ ಎಂಬುದು ನಮ್ಮ ರಕ್ತದಲ್ಲಿದೆ. ಸಂಬಂಧ ಕೇಳಲು ಬಂದವರ ಮುಂದೆ ಯಾರಾದರೂ ಹುಳುಕು ಬಿಚ್ಚಿಡುತ್ತಾರೆಯೇ? ಆದರೆ ನಮ್ಮ ಫೈಲಿನ ನ್ಯಾಯ ತಿರುಗುಮುರುಗು. ಸಾಲವಿರಲಿ, ಕಾಯಿಲೆಯಿರಲಿ, ಮುರಿದ ಮದುವೆಯಿರಲಿ, ಹೇಳಿಕೊಂಡರೆ ಬಹಳಷ್ಟು ಸಲ ಏನೂ ಆಗುವುದಿಲ್ಲ. ಬಚ್ಚಿಟ್ಟದ್ದು ಸಿಕ್ಕರೆ ಮಾತ್ರ ಕೆಲಸಕ್ಕೇ ಸಂಚಕಾರ.

ಶಾಹೀನಳ ಫೈಲು ನನ್ನ ಕೈಗೆ ಬಂದದ್ದು ಎರಡು ವರ್ಷದ ಹಿಂದೆ. ಹೆಸರುಗಳನ್ನು ಬದಲಿಸಿದ್ದೇನೆ, ಮತ್ತೆ ಇದನ್ನು ಬರೆಯಲು ಕೇಳಬೇಕಾದವರನ್ನು ಕೇಳಿದ್ದೇನೆ, ಆ ವಿಷಯದಲ್ಲಿ ನನ್ನನ್ನು ನಂಬಬಹುದು. ಹುಬ್ಬಳ್ಳಿಯ ಹುಡುಗಿ, ಲಫ್‌ಬರೋಗೆ ಎಂಜಿನಿಯರಿಂಗ್ ಓದಲು ಬಂದು ಇಲ್ಲಿಯವಳೇ ಆದವಳು. ಕೈಯಲ್ಲಿ ಒಳ್ಳೆಯ ಕೆಲಸದ ಪತ್ರವಿತ್ತು, ನಮ್ಮ ಒಪ್ಪಿಗೆಯೊಂದೇ ಬಾಕಿ. ಮೂರು ಗಂಟೆ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಓದುವ ಕಾಲದಲ್ಲಿ ಒಮ್ಮೆ ಮನಸ್ಸು ಪೂರಾ ಕುಸಿದದ್ದು, ಕ್ಲಾಸಿಗೆ ಹೋಗದೆ ಬಿಟ್ಟದ್ದು, ಬಾಡಿಗೆ ಕೋಣೆ ತೊರೆದದ್ದು, ಅದೇ ಬೀದಿಯ ವತ್ಸಲಾ ಎಂಬ ಆಂಟಿಯ ಮನೆಯಲ್ಲಿ ನಾಲ್ಕು ತಿಂಗಳು ಇದ್ದದ್ದು, ಡಾಕ್ಟರು ಕೊಟ್ಟ ಮಾತ್ರೆ ತೆಗೆದುಕೊಂಡದ್ದು, ಎದ್ದು ನಿಂತದ್ದು. ಆ ನಾಲ್ಕು ತಿಂಗಳು ಅವಳು ಎಲ್ಲಿದ್ದಳೆಂಬುದಕ್ಕೆ ಒಂದು ಬಿಲ್ಲಿಲ್ಲ, ಬಾಡಿಗೆ ಚೀಟಿಯಿಲ್ಲ. ಆಂಟಿಯೊಬ್ಬರೇ ಸಾಕ್ಷಿ. "ಅವರಿಗೆ ಹೀಗೆ ಹೇಳಿ ಹಾಗೆ ಹೇಳಿ ಅಂತ ಕಲಿಸಿಕೊಡಬೇಡಿ, ಮಾತೇ ಆಡಬೇಡಿ ಈ ವಿಷಯ," ಎಂದು ನಿಯಮದಂತೆ ಎಚ್ಚರಿಸಿದವಳು ನಾನೇ. "ಕಲಿಸೂದು ಏನೈತ್ರೀ, ಅವರಿಗೆ ಎಲ್ಲಾ ಗೊತ್ತದ," ಎಂದು ನಕ್ಕಳು.

ಮುಂದಿನ ವಾರ ವತ್ಸಲಾ ಅವರ ಮನೆಗೆ ಹೋದೆ. ಬಾಗಿಲು ತೆರೆದರೆ ಸಾರಿನ ಪುಡಿಯ ವಾಸನೆ. ನನ್ನ ಹೆಸರು ನೋಡಿ "ಓ, ನಮ್ಮೋರೇ!" ಎಂದು ಅರಳಿದರು. ತುಮಕೂರಿನ ಕಡೆಯವರು, ಅರವತ್ತು ದಾಟಿದ್ದವರು, ಕೆಲಸಕ್ಕೆ ಹೋಗುವ ಅಮ್ಮಂದಿರ ಮಕ್ಕಳನ್ನು ಸ್ಕೂಲಿನಿಂದ ಕರೆತಂದು ನೋಡಿಕೊಳ್ಳುತ್ತಿದ್ದವರು. ಕಾಫಿ ತಂದಿಟ್ಟರು. ಕುಡಿಯುವ ಹಾಗಿಲ್ಲ, ನಿಯಮ ಎಂದೆ. ಅರಳಿದ ಮುಖ ಅಲ್ಲಿಗೇ ಅರ್ಧ ಮುಚ್ಚಿಕೊಂಡಿತು.

ಶಾಹೀನ್ ಗೊತ್ತೇ? "ಗೊತ್ತಿಲ್ದೆ ಏನು, ಬಂಗಾರದಂಥ ಹುಡುಗಿ." ಈ ಮನೆಯಲ್ಲಿ ಯಾವಾಗಲಾದರೂ ವಾಸವಾಗಿದ್ದಳೇ? ಆಕೆ ಉಗುಳು ನುಂಗಿದರು.

"ಇಲ್ಲಪ್ಪ. ಹಬ್ಬ ಹುಣ್ಣಿಮೇಲಿ ಊಟಕ್ಕೆ ಬರೋಳು, ಹೋಗೋಳು. ಅಷ್ಟೇ."

ಹುಷಾರು ತಪ್ಪಿದ್ದು? "ಅವಳಿಗಾ? ಒಂದು ಶೀತ ಆಗಿದ್ದು ನೋಡಿಲ್ಲ ನಾನು. ಕಲ್ಲು ಥರ ಇದ್ಲು."

ಈ ಮಹಾತಾಯಿ ಹುಡುಗಿಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅವಳ ಕಾಲ ಕೆಳಗಿನ ನೆಲವನ್ನೇ ಎಳೆಯುತ್ತಿದ್ದರು. ಇದನ್ನು ಹೀಗೇ ಬರೆದುಕೊಂಡರೆ ಶಾಹೀನಳ ನಾಲ್ಕು ತಿಂಗಳು ಗಾಳಿಯಲ್ಲಿ ಕರಗಿಹೋಗುತ್ತದೆ. ಎಲ್ಲಿದ್ದಳು, ಯಾಕೆ ಸುಳ್ಳು ಹೇಳಿದಳು ಎಂದು ಮೇಲಿನವರು ಕೇಳುತ್ತಾರೆ, ಅಲ್ಲಿಗೆ ಕೆಲಸ ಹೋಯಿತು. "ಅಮ್ಮಾ, ಅವಳೇ ಎಲ್ಲ ಹೇಳಿದ್ದಾಳೆ," ಎನ್ನಲು ನನಗೆ ಬಾಯಿಲ್ಲ. ಅಭ್ಯರ್ಥಿ ಹೇಳಿದ್ದನ್ನು ಸಾಕ್ಷಿಗೆ ತಿಳಿಸಿದರೆ ಆ ಸಾಕ್ಷಿಗೆ ಬೆಲೆಯೇ ಇಲ್ಲ.

ಪೆನ್ನು ಕೆಳಗಿಟ್ಟೆ. "ನೋಡಿ, ನಾನು ಹೆಣ್ಣು ಕೇಳೋಕೆ ಬಂದಿಲ್ಲ. ಇಲ್ಲಿ ಆಡಿದ ಮಾತು ಯಾವ ಬೀಗರ ಮನೆಗೂ ಹೋಗಲ್ಲ. ನೀವು ಇಲ್ಲ ಅಂದ್ರೆ ಇಲ್ಲ ಅಂತ ಬರೀತೀನಿ, ಇತ್ತು ಅಂದ್ರೆ ಇತ್ತು ಅಂತ ಬರೀತೀನಿ."

"ಇಲ್ಲ ಅಂತ ಬರೆದ್ರೆ ಅವಳಿಗೆ ಒಳ್ಳೇದಾ, ಕೆಟ್ಟದ್ದಾ?"

"ಅದನ್ನ ನಾನು ಹೇಳೋ ಹಾಗಿಲ್ಲ."

"ಅವಳೇನಾದ್ರೂ ನಿಮ್ಮ ಹತ್ರ ಹೇಳಿದ್ಲಾ?"

"ಅದನ್ನೂ ಹೇಳೋ ಹಾಗಿಲ್ಲ."

ಆಕೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳತೊಡಗಿದರು. ಎದುರಿನ ಬಸ್ ಸ್ಟಾಪಿನಲ್ಲಿ ಒಂದು ಹುಡುಗಿ ಮೂರು ಬಸ್ಸು ಬಂದರೂ ಹತ್ತದೆ ಕೂತಿದ್ದಳಂತೆ. ಹೋಗಿ ಕೈ ಹಿಡಿದರೆ ಮಂಜುಗಡ್ಡೆ. ಮನೆಗೆ ಕರೆತಂದು ಮಹಡಿಯ ಮೇಲಿನ ಬಾಕ್ಸ್ ರೂಮಿನಲ್ಲಿ, ಅಂದರೆ ಸಾಮಾನು ತುಂಬುವ ಪುಟ್ಟ ಕೋಣೆಯಲ್ಲಿ, ಅಕ್ಕಿ ಮೂಟೆ ಸರಿಸಿ, ಹಾಸಿಗೆ ಹಾಕಿಕೊಟ್ಟರು. ವಾರಗಟ್ಟಲೆ ಸ್ನಾನವಿಲ್ಲ, ಮಾತಿಲ್ಲ. ಗಂಟು ಗಂಟಾದ ತಲೆಯನ್ನು ದಿನಕ್ಕೊಂದು ಸಿಕ್ಕಿನಷ್ಟೇ ಬಿಡಿಸಿದರು. ಜಿಪಿ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋದರು. ಮಧ್ಯಾಹ್ನ ಮೂರಕ್ಕೆ ಮಕ್ಕಳನ್ನು ಕರೆತರಲು "ನಂಗೆ ಮಂಡಿ ನೋವು, ನೀನೂ ಬಾರೇ" ಎಂದು ಸುಳ್ಳು ಹೇಳಿ ಅವಳನ್ನು ದಿನಾ ಹೊರಗೆ ಹೊರಡಿಸಿದರು. ಹುಬ್ಬಳ್ಳಿಯ ತಾಯಿಗೂ ತಿಳಿಯಕೂಡದೆಂದು ಅವಳು ಆಣೆ ಹಾಕಿಸಿಕೊಂಡಿದ್ದಳು.

"ಒಂಬತ್ತು ವರ್ಷ ನಮ್ಮನೆಯವರ ಹತ್ರನೂ ಪೂರ್ತಿ ಹೇಳಿಲ್ಲ ನಾನು. ಇವತ್ತು ನಿಮ್ಮ ಮುಂದೆ ಹೇಳ್ಬಿಟ್ಟೆ," ಎಂದರು ಬಾಗಿಲ ಬಳಿ. "ನನ್ನ ಬಾಯಿಂದ ಆಣೆ ಮುರಿಸಿದ್ರಿ ನೀವು."

ಶಾಹೀನ್ ಹೇಳಿದ್ದಕ್ಕೂ ಇವರು ಹೇಳಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಕಾರಿನಲ್ಲಿ ಕೂತು ಸಂತೋಷಪಟ್ಟೆ. ನಿಯಮ ಮುರಿಯದೆ ನಿಜ ಹೊರಡಿಸಿದೆನಲ್ಲ ಎಂದು ಬೆನ್ನು ತಟ್ಟಿಕೊಂಡೆ. ಅವಳಿಗೆ ಒಪ್ಪಿಗೆ ಸಿಕ್ಕಿತು, ಕೆಲಸಕ್ಕೆ ಸೇರಿದಳು, ಫೈಲು ಮುಚ್ಚಿತು. ವರ್ಷ ಕಳೆದು ನನ್ನ ಒಪ್ಪಂದ ಮುಗಿದಾಗ ಈ ಫೈಲನ್ನೇ ನೆನೆದು ಬೀಗಿದ್ದೆ.

ಅದಕ್ಕೇ ಶನಿವಾರ ಆಕೆ ನನ್ನನ್ನು ಕಂಡು ಓಡಿದಾಗ ನನಗೆ ತಡೆಯಲಾಗಲಿಲ್ಲ. ಊಟ ಬಿಟ್ಟು ಹೊರಗೆ ಹೋದೆ. ಕಾರ್ ಪಾರ್ಕಿನಲ್ಲಿ ತಮ್ಮ ಕಾರಿನ ಬಾಗಿಲು ತೆರೆದು ಕೂತಿದ್ದರು.

"ಈಗ ಯಾರ ವಿಷಯ ಕೇಳೋಕೆ ಬಂದ್ರಿ ಮೇಡಂ?"

"ಯಾರದೂ ಇಲ್ಲ. ಆ ಕೆಲಸ ಬಿಟ್ಟೆ."

"ಒಳ್ಳೇದಾಯ್ತು. ಎಷ್ಟು ಮನೆ ಉಳೀತೋ."

ಶಾಹೀನ್ ಹೇಗಿದ್ದಾಳೆ ಎಂದು ಕೇಳಿದೆ, ಕೇಳಬಾರದಿತ್ತು. "ನಂಗೇನು ಗೊತ್ತು? ಫೋನ್ ಮಾಡ್ತಾಳೆ. ನಾನು ಎತ್ತಲ್ಲ. ಹೊಸ ಮನೆಗೆ ಬನ್ನಿ ಅಂತ ಮೆಸೇಜ್ ಹಾಕಿದ್ಲು, ಹೋಗ್ಲಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ? ನಿನ್ನ ಗುಟ್ಟನ್ನ ಯಾರೋ ಕೋಟು ಹಾಕ್ಕೊಂಡು ಬಂದೋಳ ಮುಂದೆ ಸುರಿದೆ ಕಣೇ ಅಂತ ಹೇಳ್ಲಾ? ಹೆತ್ತ ಮಗಳ ಥರ ಇದ್ಲು. ಎರಡು ವರ್ಷ ಆಯ್ತು ಅವಳ ದನಿ ಕೇಳಿ."

ನಾನು ಬೆನ್ನು ತಟ್ಟಿಕೊಂಡು ಹೊರಟ ಬಾಗಿಲಿನ ಹಿಂದೆ ಈಕೆ ಹೀಗೆ ಉರಿಯುತ್ತಿದ್ದಾರೆಂದು ಒಂದು ದಿನವೂ ಹೊಳೆದಿರಲಿಲ್ಲ. ಒಂದು ವಾಕ್ಯ ಹೇಳಿದರೆ ಮುಗಿಯುತ್ತಿತ್ತು. ಆದರೆ ಆ ನಿಯಮಕ್ಕೆ ನಿವೃತ್ತಿಯಿಲ್ಲ.

"ಈಗಲೇ ಫೋನ್ ಮಾಡಿ," ಎಂದೆ. "ನನ್ನ ಮುಂದೇನೇ. ನಡೆದದ್ದು ನಡೆದ ಹಾಗೆ ಹೇಳಿ. ಅವಳು ಬೈದ್ರೆ ಫೋನ್ ನನ್ನ ಕೈಗೆ ಕೊಡಿ."

ಅಂದಿನ ಹಾಗೆಯೇ ನನ್ನ ಮುಖ ನೋಡಿದರು. ಆಮೇಲೆ ಒತ್ತಿದರು, ಸ್ಪೀಕರ್ ಹಾಕಿ. "ಆಂಟಿ! ಅಂತೂ ಫೋನ್ ಮಾಡಿದ್ರಲ್ಲಾ!" ಎಂದಿತು ಆ ಕಡೆಯ ದನಿ. ವತ್ಸಲಾ ಅವರು ಉಸಿರು ಬಿಡದೆ ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿ, "ತಪ್ಪಾಯ್ತು ಕಣಮ್ಮ," ಎಂದು ಅಳತೊಡಗಿದರು.

ಶಾಹೀನ್ ಕೇಳಿದಳು, "ಎಲ್ಲಾ ಹೇಳಿದ್ರಿ? ಬಸ್ ಸ್ಟಾಪಿಂದೂ?"

"ಅದೂನೂ."

"ಆಂಟಿ, ನಾನೂ ಎಲ್ಲಾ ಹೇಳಿದ್ದೆರೀ, ಮೊದಲಽ. ಅದಕ್ಕ ಅಲ್ರೀ ನಿಮ್ಮ ಹೆಸರು ಕೊಟ್ಟಿದ್ದು! ಆ ನಾಲ್ಕು ತಿಂಗಳಿಗೆ ನಿಮ್ಮನ್ನ ಬಿಟ್ರ ನನಗ ಬ್ಯಾರೆ ಯಾರಿದ್ರು?"

ವತ್ಸಲಾ ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು. "ಗೊತ್ತಿತ್ತಾ ನಿಮಗೆ? ಆವತ್ತೇ?"

ನಾನು ಉಗುಳು ನುಂಗಿದೆ.

"ಗೊತ್ತಿತ್ತು ವತ್ಸಲಕ್ಕ," ಎಂದೆ. ಆ ಕೆಲಸದಲ್ಲಿದ್ದಾಗಲೂ ಬಿಟ್ಟ ಮೇಲೂ ನಾನು ಮುರಿದ ನಿಯಮ ಅದೊಂದೇ. "ಆವತ್ತು ಹೇಳೋ ಹಾಗಿರಲಿಲ್ಲ. ಫೈಲು ಮುಚ್ಚಿದ ಮೇಲಾದ್ರೂ ಹೇಗಿದ್ದೀರಿ ಅಂತ ನೋಡ್ಬೇಕಿತ್ತು. ನೋಡ್ಲಿಲ್ಲ. ಕ್ಷಮಿಸಿ."

ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. "ಎರಡು ವರ್ಷ ಕಣ್ರೀ," ಎಂದರು, ಅಷ್ಟೇ. ಮೂಗೊರೆಸಿಕೊಂಡು ಫೋನೆತ್ತಿ, "ಮುಂದಿನ ವಾರ ಭಾನುವಾರ ಊಟಕ್ಕೆ ಬಾರೇ. ಈ ಮೇಡಮ್ಮನ್ನೂ ಕರೀತೀನಿ, ಇವರನ್ನ ಕೂರಿಸ್ಕೊಂಡು ವಿಚಾರಿಸೋದಿದೆ," ಎಂದರು. ಆ ಕಡೆಯಿಂದ ನಗು ಕೇಳಿಸಿತು.

ನಾಳೆ ಭಾನುವಾರ. ಹೋಗುತ್ತೇನೆ. ಈ ಸಲ ಅವರಿಬ್ಬರೂ ಕೇಳಲಿ, ಎಷ್ಟು ಹೊತ್ತಾದರೂ ಆಗಲಿ, ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಡುತ್ತೇನೆ.