ಮೂಲೆಯ ಪೆಟ್ಟಿಗೆ

ಸಂಶೋಧನಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಆದ್ರಕ್ಕ’ ಎಂದು. ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಹೊರಡುವ ಮಾತು ‘ಆದ್ರೆ’. ಈ ಚಾಳಿ ತೊಟ್ಟಿಲಿನಿಂದಲೇ ಬಂದದ್ದು ಎನ್ನುತ್ತಿದ್ದರು ಅವಳ ತಾಯಿ. ಚಿಕ್ಕಂದಿನಲ್ಲಿ, “ಬಾಯಿ ಮುಚ್ಕೊಂಡು ಊಟ ಮಾಡೇ” ಎಂದು ಗದರಿದರೆ, “ಆದ್ರೆ ಬಾಯಿ ಮುಚ್ಕೊಂಡ್ರೆ ಊಟ ಹೇಗಮ್ಮ ಮಾಡೋದು?” ಎಂದು ಕೇಳಿ ಬೆನ್ನಿಗೆ ಗುದ್ದು ತಿಂದವಳು.

ಇಂಥವಳಿಗೆ ಒದಗಿದ್ದು ಗೆದ್ದಲಿನ ಕೆಲಸ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಉದ್ದ ಕೋಣೆ, ಮಂದವಾದ ಕೆಂಪು ದೀಪ, ಒದ್ದೆ ಮರಳಿನ ವಾಸನೆ. ಗೋಡೆಗೆ ಒತ್ತಿದ ಕಲ್ಲಿನ ಮೇಜಿನ ಮೇಲೆ ಸಾಲಾಗಿ ಗಾಜಿನ ಮುಚ್ಚಳದ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಒಂದು ತುದಿಗೆ ಮರದ ಸತ್ವದಲ್ಲಿ ನೆನೆಸಿದ ಕಟ್ಟಿಗೆಯ ತುಂಡು, ಇನ್ನೊಂದು ತುದಿಗೆ ವಾಸನೆಯೆಲ್ಲ ಹೋಗುವಂತೆ ತೊಳೆದ ತುಂಡು. ನಡುವೆ ಗೆದ್ದಲು ಬಿಟ್ಟು, ಅವು ಯಾವ ಕಡೆಗೆ ಸುರಂಗ ಕೊರೆಯುತ್ತವೆ ಎಂದು ನೋಡುವುದು. ಗೆದ್ದಲು ಮರವನ್ನು ಹುಡುಕುವುದು ವಾಸನೆ ಹಿಡಿದೇ ಎಂಬುದು ವಿಭಾಗದ ಮುಖ್ಯಸ್ಥರ ಜೀವಮಾನದ ಸಿದ್ಧಾಂತ. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವಳಿಗಂತೂ ಅವರು ನಿಜಕ್ಕೂ ಪಾಠ ಹೇಳಿದ ಮೇಷ್ಟ್ರೇ. ಕೆಲಸಕ್ಕೆ ಕರೆದುಕೊಂಡವರೂ ಅವರೇ. ಆ ಕೆಲಸ ಮಾತ್ರ ಇನ್ನೂ ತಾತ್ಕಾಲಿಕ. ಕಿವಿಯ ಪಕ್ಕದ ಕೂದಲು ನೆರೆಯತೊಡಗಿದ್ದರೂ ಅವಳ ನೇಮಕ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತಲೇ ಇತ್ತು.

ಆ ಕೋಣೆಗೊಂದು ಕಟ್ಟುಪಾಡಿತ್ತು. ಎಲ್ಲೂ ಬರೆದಿಟ್ಟದ್ದಲ್ಲ, ಹೊಸಬರು ಬಂದಾಗ ಹಳಬರು ಹೇಳಿಕೊಡುತ್ತಿದ್ದುದು: “ಮೂಲೆ ಪೆಟ್ಟಿಗೆ ಲೆಕ್ಕಕ್ಕಿಲ್ಲ.” ಮೂಲೆಯ ಪೆಟ್ಟಿಗೆಯಲ್ಲಿ ಮಾತ್ರ ಗೆದ್ದಲು ಹೇಳಿದ ಮಾತು ಕೇಳುತ್ತಿರಲಿಲ್ಲ, ವಾಸನೆಯ ಕಡೆಗೇ ಹೋದಾವೆಂಬ ಖಾತ್ರಿ ಇರಲಿಲ್ಲ. ಗೋಡೆಯಾಚೆ ಶೀತಲ ಕೋಣೆ ಇರುವುದರಿಂದ ಅಲ್ಲಿ ತಣ್ಣಗೆ, ಅದಕ್ಕೇ ಹೀಗೆ ಎಂಬುದು ವಿವರಣೆ. ಹಾಗಾಗಿ ಅದನ್ನೂ ಇಡುತ್ತಿದ್ದರು, ನೋಡುತ್ತಿದ್ದರು, ಸರಾಸರಿ ತೆಗೆಯುವಾಗ ಬಿಡುತ್ತಿದ್ದರು. ಮನೆಯ ಮುಂಗೋಪಿ ಚಿಕ್ಕಪ್ಪನ ಹಾಗೆ: ಎಲೆ ಹಾಕುವುದು ಹೌದು, ಮಾತಿಗೆ ಕರೆಯುವುದಿಲ್ಲ.

ಆದ್ರಕ್ಕ ಒಂದು ದಿನ ಅಲ್ಲಿ ಉಷ್ಣಮಾಪಕ ಇಟ್ಟಳು. ಮೂಲೆ ತಣ್ಣಗಿರಲಿಲ್ಲ. ಮತ್ತೆ ಗಮನಿಸಿದಳು. ಪೆಟ್ಟಿಗೆ ಸುಮ್ಮನೆ ಕೆಟ್ಟದ್ದಾದರೆ ಗೆದ್ದಲು ಒಮ್ಮೆ ಆಚೆ, ಒಮ್ಮೆ ಈಚೆ ಹೋಗಬೇಕಿತ್ತು. ಆದರೆ ಅವು ಯಾವಾಗಲೂ ಗೋಡೆಗೆ ಬೆನ್ನು ಹಾಕಿಯೇ ಹೊರಡುತ್ತಿದ್ದವು, ವಾಸನೆಯ ತುಂಡು ಯಾವ ತುದಿಯಲ್ಲಿದ್ದರೂ ಸರಿಯೇ. ಅವಳು ಕಲ್ಲಿನ ಮೇಲೆ ಅಂಗೈ ಊರಿ ನಿಂತಳು. ಗೋಡೆಯಾಚೆಯ ಮೋಟರಿನ ಮಿಡಿತ, ಮಲಗಿದ ಮಗುವಿನ ಎದೆಯಂತೆ, ಬೆರಳಿಗೆ ತಾಕಿತು.

ಗಂಡನ ಕೆಟ್ಟ ಶೇವಿಂಗ್ ಯಂತ್ರದಿಂದ ಪುಟ್ಟ ಮೋಟರು ಬಿಚ್ಚಿ ತಂದು, ದೂರದ ಒಂದು ಪೆಟ್ಟಿಗೆಯಲ್ಲಿ ವಾಸನೆಯ ತುದಿಗೇ ಅಂಟಿಸಿದಳು. ಗೆದ್ದಲು ಸ್ವಲ್ಪ ದೂರ ಕೊರೆದು, ನಿಂತು, ಹಿಂದಿರುಗಿದವು. ಅಂಥದೇ ಇನ್ನಷ್ಟು ಮೋಟರು ತಂದು ಬೇರೆ ಪೆಟ್ಟಿಗೆಗಳಲ್ಲೂ ಮಾಡಿದಳು, ಹಾಗೇ ಆಯಿತು. ಹಾಗಾದರೆ ಇವಕ್ಕೆ ವಾಸನೆಯೊಂದೇ ದಾರಿಯಲ್ಲ. ಮರ ಅದುರುವುದು ಕೂಡ ತಿಳಿಯುತ್ತದೆ.

ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕರು. “ಗೆದ್ದಲಿಗೆ ಸಂಗೀತ ಕಲಿಸ್ತೀಯೇನಮ್ಮ?”

ಪರಿಶೀಲನಾ ಸಮಿತಿ ಬರುವ ದಿನ ಗೊತ್ತಾದ ಮೇಲೆ ಅವರು ನಗಲಿಲ್ಲ. ಹೊರಗಿನ ತಜ್ಞರ ಸಮಿತಿ ಅದು. ವಿಭಾಗಕ್ಕೆ ಮುಂದಿನ ಹಣ ಕೊಡಬೇಕೋ ಬೇಡವೋ, ಆದ್ರಕ್ಕನ ಕೆಲಸ ಕಾಯಂ ಮಾಡಬೇಕೋ ಬೇಡವೋ, ಎರಡನ್ನೂ ತೀರ್ಮಾನಿಸುವುದು ಅವರೇ. ಶಿಫಾರಸು ಬರೆಯಬೇಕಾದವರು ಮೇಷ್ಟ್ರು.

“ನೋಡಮ್ಮ, ವಾಸನೆ ಕೆಲಸದ ಬಗ್ಗೆ ಮಾತ್ರ ಮಾತಾಡು. ಕೆಲಸ ಕಾಯಂ ಆಗ್ಲಿ. ಆಮೇಲೆ ಅದುರು, ಗುಡುಗು, ಏನು ಬೇಕಾದ್ರೂ ಮಾಡ್ಕೋ. ನಾನು ಬೇಡ ಅನ್ನಲ್ಲ.”

“ಆದ್ರೆ ಮೇಷ್ಟ್ರೇ, ಮೂಲೆ ಪೆಟ್ಟಿಗೆ ಸೇರಿಸಿದ್ರೆ ನಮ್ಮ ಸರಾಸರಿನೇ...”

“ಗೊತ್ತು,” ಎಂದು ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವುದು ಮುಗಿಯಲೇ ಇಲ್ಲ. ಅವಳು ಎದ್ದು ಬಂದಳು.

ಸಮಿತಿ ಬರುವ ಹಿಂದಿನ ದಿನ ಕೊನೆಯ ಪ್ರಯೋಗದ ಮುಚ್ಚಳ ತೆಗೆದಾಗ ಅವಳ ಕೈ ಅಲ್ಲೇ ನಿಂತಿತು. ಒಂದು ಪೆಟ್ಟಿಗೆಯಲ್ಲಿ ಗೆದ್ದಲು ಗೆರೆ ಎಳೆದ ಹಾಗೆ ನೇರವಾಗಿ ಮೋಟರಿನ ಕಡೆಗೇ ಕೊರೆದಿದ್ದವು. ಅವಳು ಮೋಟರು ಮುಟ್ಟಿ ನೋಡಿದಳು. ತಿರುಗುತ್ತಿತ್ತು. ತಂತಿ ಸರಿಯಿತ್ತು.

ಲೆಕ್ಕಾಚಾರ ನೋಡುವ ಸಹೋದ್ಯೋಗಿಯನ್ನು ಕೋಣೆಯವರು ‘ಸರಾಸರಿ’ ಎಂದೇ ಕರೆಯುತ್ತಿದ್ದರು. ಅವನು ಬಗ್ಗಿ ನೋಡಿ ತಲೆ ಕೆರೆದುಕೊಂಡ.

“ಬಿಡಕ್ಕ ಅದನ್ನ. ಒಂದು ಪೆಟ್ಟಿಗೆ ತಾನೆ? ಗಾಜು ಸರಿ ಕೂತಿರಲಿಲ್ಲ ಅಂದ್ರಾಯ್ತು.”

“ಸರಿ ಕೂತಿತ್ತಲ್ಲೋ.”

“ಕೂತಿತ್ತು. ನೀನೂ ನೋಡಿದೆ, ನಾನೂ ನೋಡಿದೆ. ಸಮಿತಿಯವರು ನೋಡಿದಾರಾ?”

ಅವಳಿಗೆ ಅರೆಕ್ಷಣ ಆ ಮಾತು ಸಿಹಿಯಾಗಿ ಕೇಳಿಸಿತು. ಅದನ್ನು ಬಿಟ್ಟರೆ ಉಳಿದವೆಲ್ಲ ಅವಳ ಪರವೇ. ಬಿಡಲು ಒಂದು ಕಾರಣವಷ್ಟೇ ಬೇಕು, ಅದೂ ಸಿಕ್ಕಿದೆ. ಹಿಂದೊಮ್ಮೆ ಯಾರೋ ಇಲ್ಲೇ, ಇದೇ ಕೆಂಪು ಬೆಳಕಿನಲ್ಲಿ ನಿಂತು, ‘ಅಲ್ಲಿ ತಣ್ಣಗಿರುತ್ತೆ, ಅಷ್ಟೇ’ ಎಂದಿರಬೇಕು. ಅವರೂ ಕೆಟ್ಟವರಾಗಿರಲಿಕ್ಕಿಲ್ಲ.

ಸಂಜೆ ಊಟಕ್ಕೆ ಕುಳಿತಾಗ ಮನೆಯವರಿಗೆ ಎಲ್ಲ ಹೇಳಿದಳು. ವಿಷಯ ಕೇಳಿದ ತಾಯಿ ಬಡಿಸುವ ಸೌಟು ಎತ್ತಿ ಹಿಡಿದೇ ಹೇಳಿದರು: “ಉಂಡ ಮನೆ ಜಂತೆ ಎಣಿಸಬಾರದು ಕಣೇ.”

“ನನ್ನ ಕೆಲಸಾನೇ ಜಂತೆ ಎಣಿಸೋದಲ್ವೇನಮ್ಮ? ಅದಕ್ಕೇ ಸಂಬಳ ಕೊಡ್ತಾರೆ.”

“ಬಾಯಿಗೇನೂ ಕಮ್ಮಿ ಇಲ್ಲ. ಕಾಯಂ ಆಗ್ಲಿಲ್ಲ ಅಂದ್ರೆ ಮಗಳ ಕಾಲೇಜಿಗೆ ಗೆದ್ದಲು ಕಳಿಸ್ತೀಯಾ?”

ಗಂಡ ಬಸ್ ಚಾಲಕ. ದಿನವಿಡೀ ಹಾರನ್ನು ಕೇಳಿ ಬಂದವನಿಗೆ ಮನೆಯಲ್ಲಿ ಮಾತು ಕಡಿಮೆ. ಕೈ ತೊಳೆದು ಬಂದು ಕೇಳಿದ. “ಆ ಒಂದು ಪೆಟ್ಟಿಗೆ ತೋರಿಸಿದ್ರೆ ನಿನ್ನ ಮಾತು ಸುಳ್ಳಾಗುತ್ತಾ?”

“ಗೊತ್ತಿಲ್ಲ. ಅದೇ ಕಷ್ಟ. ಪೂರ್ತಿ ಸುಳ್ಳೂ ಆಗಲ್ಲ, ಪೂರ್ತಿ ನಿಜಾನೂ ಆಗಲ್ಲ.”

“ಅತ್ತ ಮೇಷ್ಟ್ರೂ ಬೈತಾರೆ, ಇತ್ತ ಸಮಿತಿಯವರೂ ನಗ್ತಾರೆ ಅನ್ನು.”

“ಹೂಂ.”

“ಒಳ್ಳೇ ದಾರಿ ಹಿಡಿದಿದೀಯ ಬಿಡು,” ಎಂದು ಅವನು ನಕ್ಕ. ಆದರೆ ತಟ್ಟೆ ಎತ್ತುವಾಗ ಅವಳ ಭುಜದ ಮೇಲೆ ಕೈ ಇಟ್ಟ.

ಮರುದಿನ ಸಭೆ. ಸಮಿತಿಯ ಅಧ್ಯಕ್ಷೆ ಬೆಳ್ಳಿಕೂದಲಿನ ಹೆಂಗಸು, ಮಾತಿಗಿಂತ ಮೌನವೇ ಹೆಚ್ಚು. ಆದ್ರಕ್ಕ ವಾಸನೆಯ ಪ್ರಯೋಗಗಳನ್ನು ವಿವರಿಸಿದಳು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು, ತಮ್ಮದೇ ಹಾಡನ್ನು ಮಕ್ಕಳ ಬಾಯಲ್ಲಿ ಕೇಳುವವರಂತೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಎಲ್ಲರೂ ಚಪ್ಪಾಳೆಗೆ ಕೈ ಎತ್ತಿಯೂ ಆಗಿತ್ತು.

“ಆದ್ರೆ,” ಎಂದಳು.

ಹಿಂದೆ ಯಾರೋ ಕಿಸಕ್ಕೆಂದರು. ಅವಳು ಮೂಲೆಯ ಪೆಟ್ಟಿಗೆಯ ಚಿತ್ರ ತೋರಿಸಿದಳು, ಮೋಟರಿನ ಪ್ರಯೋಗ ಹೇಳಿದಳು. ಕೊನೆಗೆ, ಹೇಳಿದ ಮಾತು ಕೇಳದೆ ಮೋಟರಿನತ್ತ ಹೋದ ಆ ಒಂದು ಪೆಟ್ಟಿಗೆಯನ್ನೂ ತೋರಿಸಿದಳು. “ಇದು ಯಾಕೆ ಹೀಗಾಯಿತು ಅಂತ ನನಗೆ ಗೊತ್ತಿಲ್ಲ.”

“ನಿಮ್ಮ ಗೆದ್ದಲುಗಳಲ್ಲೂ ವಿರೋಧ ಪಕ್ಷ ಇದೆ ಅನ್ನಿ!” ಎಂದರು ಸಮಿತಿಯ ಒಬ್ಬರು. ಸಭೆ ನಕ್ಕಿತು.

ಅಧ್ಯಕ್ಷೆ ನಗಲಿಲ್ಲ. ಅವರು ತಿರುಗಿದ್ದು ಮೇಷ್ಟ್ರ ಕಡೆಗೆ. “ನಿಮ್ಮ ಹಿಂದಿನ ಸರಾಸರಿಗಳಲ್ಲಿ ಮೂಲೆಯ ಪೆಟ್ಟಿಗೆ ಸೇರಿದೆಯಾ?”

ಮೇಷ್ಟ್ರು ಕಣ್ಣು ತೆರೆದರು. ಅವರು ಹೌದೆಂದರೆ ಅಲ್ಲಗಳೆಯಬೇಕಾದವಳು ಅವಳೇ.

“ಇಲ್ಲ.”

“ಯಾಕೆ?”

“ನಮ್ಮ ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದರು,” ಎಂದರು ಅವರು. ಆ ದನಿ ಇದ್ದಕ್ಕಿದ್ದಂತೆ ವಿದ್ಯಾರ್ಥಿಯದಾಗಿತ್ತು.

ತೀರ್ಮಾನ ಮಧ್ಯಾಹ್ನವೇ ಬಂತು. ಎಲ್ಲ ಪೆಟ್ಟಿಗೆಗಳನ್ನೂ ಲೆಕ್ಕಕ್ಕೆ ಹಿಡಿದು ಪ್ರಯೋಗ ಮತ್ತೆ ಮಾಡಬೇಕು. ಅಲ್ಲಿಯವರೆಗೆ ಹಣ ಇಲ್ಲ, ಯಾರ ಕೆಲಸವೂ ಕಾಯಂ ಇಲ್ಲ. ಆದ್ರಕ್ಕನಿಗೆ ಇನ್ನೊಂದು ವರ್ಷ ತಾತ್ಕಾಲಿಕವಾಗಿ ಅವಕಾಶ. ಸುದ್ದಿ ಹರಡುತ್ತಿದ್ದಂತೆ ಮಹಡಿಯ ಬಾಗಿಲುಗಳು ಅವಳು ಹಾದುಹೋಗುವಾಗ ಒಂದೊಂದಾಗಿ ಮುಚ್ಚಿಕೊಂಡವು.

ಮೆಟ್ಟಿಲ ಬಳಿ ಮೇಷ್ಟ್ರು ಎದುರಾದರು. ಕ್ಷಮೆ ಕೇಳೋಣವೆಂದು ಅವಳು ಬಾಯಿ ತೆರೆದಳು, ಯಾವುದಕ್ಕೆಂದು ತೋಚಲಿಲ್ಲ.

“ಬರೆದಿಟ್ಟ ಶಿಫಾರಸು ಹಿಂದಕ್ಕೆ ತಗೊಂಡೆ ಕಣಮ್ಮ,” ಎಂದರು ಅವರು. “ನೀನು ಹೇಳಿದ್ದು ತಪ್ಪು ಅಂತಲ್ಲ. ಸಹಿ ಹಾಕೋಕೆ ಇವತ್ತು ನನ್ನ ಕೈ ಏಳ್ತಿಲ್ಲ.” ಕಂಬಿ ಹಿಡಿದು ಮೇಲೆ ಹೋದರು. ಅವರು ಕಂಬಿ ಹಿಡಿದದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಅವಳು ಕೆಳಗಿಳಿದು ಹೊಸ ಮರಳು ತುಂಬಿದಳು, ತುಂಡುಗಳನ್ನಿಟ್ಟಳು. ಗೆದ್ದಲು ಬಿಡುವ ಮೊದಲು ಒಂದು ವಿಷಯ ಹೊಳೆದು ಕೈ ಹಿಂದೆಗೆದಳು. ‘ಅತ್ತ ಹೋಗಬೇಡಿ, ಮೋಟರಿನತ್ತ ಹೋಗಬೇಡಿ’ ಎಂದು ಅವಳ ತುಟಿ ಆಡುತ್ತಿತ್ತು. ವರ್ಷ ಪೂರ್ತಿ ಹೀಗೆ ಬೇಡುತ್ತ ನೋಡುವ ಕಣ್ಣನ್ನು ತಾನೇ ಹೇಗೆ ನಂಬುವುದು?

‘ಸರಾಸರಿ’ ಮುಖ ಗಂಟಿಕ್ಕಿಕೊಂಡು ಒಳಗೆ ಬಂದ. ಅವನದೂ ತಾತ್ಕಾಲಿಕ ಕೆಲಸವೇ.

“ಸಮಾಧಾನ ಆಯ್ತಾ ಅಕ್ಕ? ನನ್ನನ್ನೂ ಸೇರಿಸಿ ನೀರಿಗೆ ತಳ್ಳಿದೆ.”

“ತಳ್ಳಿದೆ. ಬೈಯೋದಿದ್ರೆ ಬೈಕೋ. ಆಮೇಲೆ ಒಂದು ಕೆಲಸ ಮಾಡ್ಕೊಡ್ತೀಯಾ?”

“ಇನ್ನೂ ಏನು ಬಾಕಿ?”

“ನಾನು ಹೊರಗೆ ಹೋಗ್ತೀನಿ. ಎಲ್ಲ ಪೆಟ್ಟಿಗೆಗೂ ಮೋಟರು ಅಂಟಿಸು, ಕಾಣದ ಹಾಗೆ, ಕೇಳದ ಹಾಗೆ ಬಟ್ಟೆ ಸುತ್ತು, ಕೆಲವನ್ನ ಮಾತ್ರ ತಿರುಗಿಸು. ಯಾವುದು ತಿರುಗ್ತಿದೆ ಅಂತ ನನಗೆ ಹೇಳ್ಬೇಡ. ನಾನು ಕೇಳಿದ್ರೂ ಹೇಳ್ಬೇಡ, ಬೇಡ್ಕೊಂಡ್ರೂ ಹೇಳ್ಬೇಡ. ಗೆರೆ ಎಷ್ಟು ದೂರ ಹೋಯ್ತು ಅಂತ ನಾನು ಗಾಜಿನ ಮೇಲಿಂದಷ್ಟೇ ನೋಡ್ತೀನಿ, ಪೆಟ್ಟಿಗೆ ಮುಟ್ಟಲ್ಲ.”

ಅವನು ಅವಳನ್ನೇ ನೋಡಿದ. “ನಿನ್ನ ಮಾತು ಬಿದ್ದುಹೋದ್ರೆ?”

ಅವಳು ಹೊರಗೆ ಹೋಗಿ ಬಾಗಿಲೆಳೆದುಕೊಂಡು, ಎದುರಿನ ಗೋಡೆಗೆ ಮುಖ ಮಾಡಿ ನಿಂತಳು. ಒಳಗಿಂದ ಏನಾದರೂ ಕೇಳಿಸೀತೆಂದು ಎರಡೂ ಕಿವಿಗೆ ಬೆರಳಿಟ್ಟುಕೊಂಡಳು.