ಖಾಲಿ ಕಾರಿನ ಭಾರ

ನಮ್ಮ ಕಾರಿನ ಹಿಂಭಾಗ ಕುಸಿದಿದೆ ಎಂದು ನನಗೆ ಮೊದಲು ತೋರಿಸಿಕೊಟ್ಟವರು ಪೊಲೀಸರು.

ಅದು ಚುನಾವಣೆಯ ಸಮಯ. ಹೆಬ್ಬೂರು ದಾಟಿದ ಮೇಲೆ ರಸ್ತೆಗೆ ಬ್ಯಾರಿಕೇಡ್ ಅಡ್ಡ ಇಟ್ಟು, ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಕುಣಿಗಲ್‌ನ ಒಂದು ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಮನೆ ಇರುವುದು ತುಮಕೂರಿನ ಸದಾಶಿವನಗರದಲ್ಲಿ. ದಿನಾ ಅದೇ ರಸ್ತೆ, ಅದೇ ಹಳೆಯ ಕಾರು. ಆವತ್ತು ನನ್ನ ಮುಂದಿದ್ದ ಗಾಡಿಗಳನ್ನೆಲ್ಲ ಕೈಬೀಸಿ ಬಿಟ್ಟ ಪೇದೆ ನನ್ನದನ್ನು ಮಾತ್ರ ಪಕ್ಕಕ್ಕೆ ಹಾಕಿಸಿದ.

"ಡಿಕ್ಕಿ ತೆಗೀರಿ ಮೇಡಂ. ಏನ್ ಲೋಡ್ ಐತೆ?"

"ಲೋಡ್ ಏನೂ ಇಲ್ಲ ಸಾರ್."

ಡಿಕ್ಕಿಯಲ್ಲಿ ಸ್ಟೆಪ್ನಿ, ಒಂದು ಕೊಡೆ, ಹಳೆಯ ಗೋಣಿಚೀಲ ಇದ್ದವು. ಅವನು ಗೋಣಿಚೀಲ ಎತ್ತಿ ನೋಡಿದ. ಸ್ಟೆಪ್ನಿ ಎತ್ತಿಸಿದ. ತಳವನ್ನು ಲಾಠಿಯಿಂದ ಕುಟ್ಟಿ ಕಿವಿಗೊಟ್ಟು ಕೇಳಿದ. ಹಿಂದಿನ ಸೀಟನ್ನು ಕೀಳಿಸಿ, ಅದರಡಿ ಸಿಕ್ಕ ಒಣಗಿದ ಕಡಲೆಬೀಜದ ಸಿಪ್ಪೆಯನ್ನು ಟಾರ್ಚ್ ಹಾಕಿ ಪರೀಕ್ಷಿಸಿದ. ಶಾಮಿಯಾನದಲ್ಲಿದ್ದ ಇನ್ನೊಬ್ಬರು ನನ್ನ ಊಟದ ಡಬ್ಬಿಯನ್ನೂ ತೆಗೆಸಿದರು.

"ಏನೂ ಇಲ್ದೆ ಹಿಂದ್ಗಡೆ ಇಷ್ಟು ಕೂತ್ಕಂತದಾ?" ಎಂದ ಪೇದೆ. "ನೀವೇ ಬಂದು ನೋಡಿ."

ನಾನು ಇಳಿದು, ಹತ್ತು ಹೆಜ್ಜೆ ದೂರ ಹೋಗಿ ತಿರುಗಿ ನೋಡಿದೆ. ನಿಜವಾಗಿಯೂ ಕಾರು ಮೂತಿ ಮೇಲೆತ್ತಿಕೊಂಡು, ಬೆನ್ನ ಮೇಲೆ ಮೂಟೆ ಹೊತ್ತವರಂತೆ ನಿಂತಿತ್ತು. ಹಿಂದಿನ ಚಕ್ರದ ಅರ್ಧದಷ್ಟು ಬಾಡಿಯೊಳಗೆ ಹೂತುಹೋಗಿತ್ತು. ದಿನಾ ಮುಂಬಾಗಿಲು ತೆಗೆದು ಕೂರುವವಳು ನಾನು, ಹಿಂದಿನಿಂದ ಕಾರನ್ನು ನೋಡಿ ಎಷ್ಟು ದಿನವಾಗಿತ್ತೋ! ಸಂಜೆ ವಾಪಸ್ ಬರುವಾಗ ಎದುರಿನ ಲಾರಿಯವರು ಲೈಟ್ ಮಿಟುಕಿಸಿ ಯಾಕೆ ಬೈಯುತ್ತಿದ್ದರು ಎನ್ನುವುದು ಆಗ ಅರ್ಥವಾಯಿತು. ಡಿಮ್ ಹಾಕಿದ್ದರೂ ನನ್ನ ದೀಪ ನೇರ ಅವರ ಕಣ್ಣಿಗೇ ಹೊಡೆಯುತ್ತಿತ್ತು.

ಕೊನೆಗೆ ಬಿಟ್ಟರು. ಆದರೆ ನಂಬಿ ಬಿಟ್ಟ ಹಾಗೆ ಕಾಣಲಿಲ್ಲ. ಪೇದೆ ಫೋನಿನಲ್ಲಿ ನನ್ನ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಂಡ.

ಆ ವಾರವೇ ಶಿರಾ ಗೇಟ್ ಹತ್ತಿರದ ನಮ್ಮ ಹಳೆಯ ಮೆಕ್ಯಾನಿಕ್ ಬಳಿ ಹೋದೆ. ನಾವು ಅವರನ್ನು ಭಾಯ್ ಎಂದೇ ಕರೆಯುವುದು. ಅವರು ಕಾರಿನ ಹಿಂಭಾಗವನ್ನು ಎರಡು ಕೈಯಿಂದ ಒಮ್ಮೆ ಒತ್ತಿ ಬಿಟ್ಟರು.

"ಸ್ಪ್ರಿಂಗ್ ಕೂತೋಗಿದೆ ಅಕ್ಕ. ಎರಡೂ ಕಡೆ ಹೊಸದು ಹಾಕ್ಬೇಕು. ಏನ್ ಹಾಕಿ ಓಡಿಸ್ತಿದ್ರಿ?"

"ನಾನೊಬ್ಬಳೇ ಓಡಾಡೋದು ಭಾಯ್."

ಅವರು ಬಗ್ಗಿ ಚಕ್ರದ ಒಳಗೆ ನೋಡಿ, ಎದ್ದು, ನನ್ನನ್ನು ನೋಡಿದರು. "ಒಬ್ಬರು ಓಡಾಡಿದ್ರೆ ಹಿಂಗಾಗಲ್ಲ" ಎಂದಷ್ಟೇ ಹೇಳಿ ಬೇರೆ ಗಾಡಿಯ ಕಡೆ ಹೋದರು.

ಇವರು ಸುಮ್ಮನೆ ಕೆಲಸ ಹುಟ್ಟಿಸುತ್ತಿದ್ದಾರೆ ಎನ್ನಿಸಿತು ನನಗೆ. ಲ್ಯಾಬ್‌ನಲ್ಲಿ ಒಂದು ರಿಪೋರ್ಟ್ ಮೇಲೆ ಸಂಶಯ ಬಂದರೆ ಮತ್ತೆ ರಕ್ತ ತೆಗೆದು ನೋಡುತ್ತೇವಲ್ಲ, ಹಾಗೆ ಮಾರನೇ ದಿನ ಕುಣಿಗಲ್‌ನಲ್ಲಿ ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿಯವನು ಹಿಂದಿನ ಚಕ್ರ ಬಿಚ್ಚಿ, ಒಳಗೆ ಟೈರು ಉಜ್ಜಿ ಹೊಳಪು ಬಂದಿದ್ದ ಜಾಗ ತೋರಿಸಿದ. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಆಸರೆಗೆ ಇರುವ ರಬ್ಬರಿನ ತುಂಡು ಜಜ್ಜಿ ಹೋಗಿತ್ತು.

"ಸ್ಪ್ರಿಂಗ್ ಮಧ್ಯ ರಬ್ಬರ್ ಬುಶ್ ತುರುಕಿ ಎತ್ತರ ಮಾಡ್ಕೊಡ್ತೀನಿ, ಆದ್ರೆ ಅದು ನಾಕು ದಿನದ ಮಾತು" ಎಂದವನು, ಡಿಕ್ಕಿಯ ಮೂಲೆಯಲ್ಲಿ ಬೆರಳಾಡಿಸಿ ನನ್ನ ಮುಂದೆ ಹಿಡಿದ. "ಕಲ್ ಸಾಗಿಸ್ತಿದ್ರಾ ಮೇಡಂ?"

ಅವನ ಬೆರಳ ತುದಿಯಲ್ಲಿ ಬೂದುಬಣ್ಣದ ನುಣುಪು ಪುಡಿ. ಅದರಲ್ಲಿ ಅಲ್ಲಲ್ಲಿ ಅಭ್ರಕದ ಮಿಂಚು.

ಸ್ಪ್ರಿಂಗ್ ಹಾಕಿಸದೆ ವಾಪಸ್ ಬಂದೆ. ವಾರದ ದಿನಗಳಲ್ಲಿ ಕಾರು ನನ್ನದು. ಭಾನುವಾರ ಮಾತ್ರ ನನ್ನ ಗಂಡನದು. ಅವರು ತುಮಕೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಗುಬ್ಬಿ ಹತ್ತಿರ ನಮಗೆ ಸಣ್ಣದೊಂದು ತೆಂಗಿನ ತೋಟವಿದೆ, ಭಾನುವಾರ ಬೆಳಿಗ್ಗೆ ಹೋಗಿ ನೋಡಿಕೊಂಡು ಮಧ್ಯಾಹ್ನ ಊಟಕ್ಕೆ ಬರುವುದು ಅವರ ವಾಡಿಕೆ. ಇತ್ತೀಚೆಗೆ ಬರುವುದು ಸಂಜೆಯಾಗುತ್ತಿತ್ತು. ಬಂದವರು ಕಾಫಿಗೂ ಕಾಯದೆ ಮೊದಲು ಡಿಕ್ಕಿ ಒರೆಸುತ್ತಿದ್ದರು. ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ. ಒಂದು ಸಲ ಅವರ ಹೆಬ್ಬೆರಳಿನ ಉಗುರು ಕಪ್ಪುಗಟ್ಟಿತ್ತು, ತೋಟದ ಗೇಟಿಗೆ ಸಿಕ್ಕಿತು ಎಂದಿದ್ದರು. ನಾನು ಅರಿಶಿನ ಹಚ್ಚಿ ಸುಮ್ಮನಾಗಿದ್ದೆ.

ಈಗ ಒಂದೊಂದೂ ಬೇರೆ ಅರ್ಥ ಕೊಡತೊಡಗಿತು. ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

"ರೀ, ಕಾರಲ್ಲಿ ಕಲ್ಲು ಏನಾದ್ರೂ ತಗೊಂಡು ಹೋಗ್ತೀರಾ?"

ಅವರ ತುತ್ತು ಬಾಯಿಯ ಹತ್ತಿರ ನಿಂತಿತು. "ಕಲ್ಲಾ? ನಾನ್ಯಾಕೆ ಕಲ್ಲು ತಗೊಂಡು ಹೋಗ್ಲಿ? ತೆಂಗಿನಕಾಯಿ ಹಾಕಿರ್ತೀನಿ ಒಂದೊಂದ್ಸಲ."

"ಕಾಯಿಗೆ ಸ್ಪ್ರಿಂಗ್ ಕೂತೋಗುತ್ತಾ?"

"ಗಾಡಿಗೂ ವಯಸ್ಸಾಯ್ತಲ್ಲೇ" ಎಂದು ಅವರು ಸಾರು ಬಡಿಸಿಕೊಂಡರು.

ಮದುವೆಯಾದಾಗಿನಿಂದ ಸುಳ್ಳು ಹೇಳುವಾಗ ಅವರು ಸಾರು ಬಡಿಸಿಕೊಳ್ಳುವುದನ್ನು ನೋಡಿದ್ದೇನೆ. ತಟ್ಟೆಯಲ್ಲಿ ಅನ್ನವೇ ಇರಲಿಲ್ಲ.

ಶನಿವಾರ ಬಟ್ಟೆ ಒಣಗಿಸಲು ಮೇಲೆ ಹೋದಾಗ ನೀರಿನ ಟ್ಯಾಂಕಿನ ಹಿಂದೆ ಅವರು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಹಗ್ಗದ ಹತ್ತಿರವೇ ನಿಂತೆ.

"ಇಲ್ಲಮ್ಮ, ಯಾರಿಗೂ ಹೇಳಿಲ್ಲ. ಅಕ್ಕಪಕ್ಕದವ್ರು ಏಳೋಕ್ ಮುಂಚೆ ಬಂದ್ಬಿಡ್ತೀನಿ. ನೀವು ಬಾಗ್ಲು ತೆಗ್ದಿರಿ ಸಾಕು."

ಕೈಯಲ್ಲಿದ್ದ ಒದ್ದೆ ಸೀರೆಯಿಂದ ನೀರು ಪಾದದ ಮೇಲೆ ಸುರಿಯುತ್ತಿತ್ತು. ಯಾರೋ ಹೆಂಗಸು, ತೆರೆದ ಬಾಗಿಲು, ಅಕ್ಕಪಕ್ಕದವರು. ಇದಕ್ಕೂ ಕಲ್ಲಿನ ಪುಡಿಗೂ ಏನು ಸಂಬಂಧ? ಯಾರಿಗೋ ಮನೆ ಕಟ್ಟಿಸಿಕೊಡುತ್ತಿದ್ದಾರೆ ಎನ್ನುವ ಉತ್ತರವನ್ನು ನಾನೇ ಕೊಟ್ಟುಕೊಂಡೆ. ಗುಬ್ಬಿಯಲ್ಲಿ, ನಮ್ಮ ತೋಟದಲ್ಲೇ, ನನಗೆ ಗೊತ್ತಾಗದ ಹಾಗೆ ಒಂದು ಮನೆ. ಅದರ ಬಾಗಿಲು ಯಾವ ದಿಕ್ಕಿಗೆ ಎನ್ನುವುದನ್ನೂ ಯೋಚಿಸಿಬಿಟ್ಟೆ. ಕೆಟ್ಟ ಯೋಚನೆಗೆ ಗಾರೆ, ಇಟ್ಟಿಗೆ ಏನೂ ಬೇಕಾಗಿಲ್ಲ, ತಾನೇ ಮೇಲೇಳುತ್ತದೆ.

ಭಾನುವಾರ ಅವರು ಹೊರಟ ಮೇಲೆ ನಾನು ಸ್ನಾನ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದೆ. ಗುಬ್ಬಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು "ತೌರ್ಮನೆಗಾ?" ಎಂದು ಕೇಳಿದರು. "ತೋಟಕ್ಕೆ" ಎಂದೆ. ಅಲ್ಲಿಂದ ಆಟೋ ಹಿಡಿದು ತೋಟದ ಗೇಟಿನ ಹತ್ತಿರ ಇಳಿದೆ.

ಕಾರು ತೋಟದೊಳಗೆ ಮರಗಳ ನಡುವೆ ನಿಂತಿತ್ತು, ಡಿಕ್ಕಿ ತೆರೆದಿತ್ತು. ಎರಡು ಹಲಗೆಗಳನ್ನು ಡಿಕ್ಕಿಯಿಂದ ನೆಲಕ್ಕೆ ಇಳಿಜಾರು ಹಾಕಿ, ನನ್ನ ಗಂಡನೂ ತೋಟ ನೋಡಿಕೊಳ್ಳುವವನೂ ಹಗ್ಗ ಕಟ್ಟಿದ ಏನೋ ಒಂದನ್ನು ಮೆಲ್ಲಗೆ ಜಾರಿಸುತ್ತಿದ್ದರು. ಅದು ನೆಲಕ್ಕೆ ಬಿದ್ದ ಕೂಡಲೇ ಕಾರಿನ ಹಿಂಭಾಗ ಒಂದಿಷ್ಟು ಮೇಲೆದ್ದಿತು.

ಒರಳುಕಲ್ಲು. ದೋಸೆಹಿಟ್ಟು ರುಬ್ಬುವಂಥದ್ದು.

ಅವರ ಹಿಂದೆ ಪಂಪ್‌ಹೌಸಿನ ಗೋಡೆಯ ಉದ್ದಕ್ಕೂ ಅಂಥವೇ ಕಲ್ಲುಗಳು. ಚೌಕದವು, ದುಂಡನೆಯವು, ಅಂಚು ಮುಕ್ಕಾದವು. ಕೆಲವುಗಳಲ್ಲಿ ರುಬ್ಬುವ ಗುಂಡು ಹಾಗೇ ಕುಳಿಯೊಳಗೆ ಕೂತಿತ್ತು. ಬೀಸುವ ಕಲ್ಲುಗಳು ಒಂದರ ಮೇಲೊಂದು. ಒಂದು ಒರಳಿನಲ್ಲಿ ಮಳೆನೀರು ನಿಂತು ಮೈನಾ ಹಕ್ಕಿ ಕುಡಿಯುತ್ತಿತ್ತು.

ನನ್ನನ್ನು ಕಂಡು ಅವರು ಹಗ್ಗ ಬಿಟ್ಟರು. "ನೀನು ಹೆಂಗ್ ಬಂದೆ?"

"ಬಸ್ಸಲ್ಲಿ. ಆ ಹೆಂಗಸು ಯಾರು?"

"ಯಾವ ಹೆಂಗ್ಸು?"

"ಬಾಗ್ಲು ತೆಗ್ದಿರಿ ಅಂದ್ರಲ್ಲ ನಿನ್ನೆ."

ಅವರು ಹಣೆಯ ಬೆವರು ಒರೆಸಿಕೊಂಡು, ಈಗ ತಾನೇ ಇಳಿಸಿದ ಕಲ್ಲನ್ನು ತೋರಿಸಿದರು. "ಇದರ ಯಜಮಾನಿ ಕಣೇ. ಮೇಲಿನ ಮಹಡಿಯ ಬಾಡಿಗೆ ಮನೆಗೆ ಹೋಗ್ತಿದಾರೆ. ಓನರ್ ಕಲ್ಲು ತರಬೇಡಿ ಅಂದ್ರಂತೆ."

ಆಮೇಲೆ ಕೂತು ಹೇಳಿದರು. ಮೊದಲನೆಯದು ನಮ್ಮದೇ ಬೀದಿಯ ಅಜ್ಜಿಯದು. ಹಳೆಯ ಮನೆ ಕೆಡವುವಾಗ ಅವರ ಒರಳನ್ನು ಕೆಲಸದವರು ಚರಂಡಿಯ ಪಕ್ಕಕ್ಕೆ ಉರುಳಿಸಿದ್ದರು. ಅಜ್ಜಿ ಅದರ ಪಕ್ಕ ನಿಂತು, ಆಫೀಸಿಗೆ ಹೊರಟಿದ್ದ ಇವರನ್ನು ತಡೆದು ಕೇಳಿದರಂತೆ: "ಒಡಿಯಂಗಿಲ್ಲ, ಬಿಸಾಕಂಗಿಲ್ಲ, ಏನ್ ಮಾಡ್ಲಪ್ಪ?" ತೋಟದಲ್ಲಿ ಇಡುತ್ತೇನೆ ಎಂದರು ಇವರು. ಮಾತು ಬಾಯಿಂದ ಬಾಯಿಗೆ ಹೋಯಿತು. ಮಿಕ್ಸಿ, ಗ್ರೈಂಡರ್ ಬಂದ ಮೇಲೂ ಹಿತ್ತಿಲಲ್ಲಿ ಉಳಿದಿದ್ದ ಕಲ್ಲುಗಳು ಒಂದೊಂದಾಗಿ ಇವರನ್ನು ಹುಡುಕಿಕೊಂಡು ಬಂದವು. ಮನೆಯ ಲಕ್ಷ್ಮಿಯನ್ನು ಆಚೆ ಕಳಿಸುವುದು ನಾಲ್ಕು ಜನರ ಕಣ್ಣಿಗೆ ಬೀಳಬಾರದು ಎಂದು ಎಲ್ಲರಿಗೂ ಸಂಕೋಚ. ಅದಕ್ಕೇ ಆ ಬೆಳಗಿನ ಜಾವದ ಓಡಾಟ.

"ಮಾರ್ತೀರಾ ಇವನ್ನ? ರೆಸಾರ್ಟ್‌ನವ್ರು ತಗೊಳ್ತಾರಂತೆ" ಎಂದೆ. ನನ್ನ ಅನುಮಾನ ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ.

"ಕೇಳ್ಕೊಂಡು ಒಬ್ಬ ಬಂದಿದ್ದ ಅಕ್ಕ" ಎಂದ ತೋಟದವನು. "ಅಣ್ಣ ಗೇಟಿಂದ್ಲೇ ಕಳಿಸ್ಬುಟ್ರು."

"ಮತ್ತೆ ಏನಕ್ಕೆ ಇದೆಲ್ಲ?"

ನನ್ನ ಗಂಡ ಬಿದ್ದಿದ್ದ ಹಗ್ಗ ಎತ್ತಿ ಸುತ್ತತೊಡಗಿದರು. "ಗೊತ್ತಿಲ್ಲ ಕಣೇ. ಒಂದು ತಂದ್ಮೇಲೆ ಇನ್ನೊಬ್ರಿಗೆ ಆಗಲ್ಲ ಅನ್ನಕ್ಕಾಗ್ಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಾರು ಹಾಳಾಗುತ್ತೆ ಅಂತಿದ್ದೆ ನೀನು."

"ಹಾಳಾಯ್ತಲ್ಲ!"

ತೋಟದವನು ಮುಖ ತಿರುಗಿಸಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಸಮಾಧಾನವೂ ಸಿಟ್ಟೂ ಒಟ್ಟಿಗೇ ಬಂದು, ಯಾವುದನ್ನು ಮೊದಲು ತೋರಿಸಬೇಕೋ ತಿಳಿಯದೆ ಒಂದು ಎಳನೀರು ಕೊಚ್ಚಿಸಿಕೊಂಡು ಕುಡಿದೆ.

ಮುಂದಿನ ಶನಿವಾರ ಇಬ್ಬರೂ ಶಿರಾ ಗೇಟಿಗೆ ಹೋದೆವು. ಭಾಯ್ ಕಾರಿನ ಹಿಂಭಾಗವನ್ನು ಜಾಕ್ ಮೇಲೆ ಎತ್ತಿ, ಅಡಿಗೆ ಸ್ಟ್ಯಾಂಡ್ ಕೊಟ್ಟು, ಶಾಕ್ ಅಬ್ಸಾರ್ಬರಿನ ಬೋಲ್ಟ್ ಬಿಚ್ಚಿದರು. ಆಕ್ಸಲ್ ಕೆಳಗಿಳಿದಂತೆ ಹಳೆಯ ಸ್ಪ್ರಿಂಗ್ ತಾನಾಗಿ ಸಡಿಲವಾಗಿ ಕೈಗೆ ಬಂತು. ಹೊಸ ಸ್ಪ್ರಿಂಗ್ ಪಕ್ಕ ನಿಲ್ಲಿಸಿದಾಗ ಹಳೆಯದು ಗೇಣಿನ ಕಾಲುಭಾಗ ಗಿಡ್ಡವಾಗಿತ್ತು. ಹೊಸದನ್ನು ತೆಗೆದ ರಟ್ಟಿನ ಡಬ್ಬಿ ಹಳೆಯದಾಗಿತ್ತಲ್ಲ, ಹಳೇ ಸ್ಪ್ರಿಂಗಿಗೇ ಬಣ್ಣ ಬಳಿದಿರಬಹುದು ಎಂದು ನಾನು ಅದರ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದೆ.

"ಅಕ್ಕಂಗೆ ಇನ್ನೂ ಡೌಟು" ಎಂದರು ಭಾಯ್.

"ನನ್ನನ್ನೇ ಬಿಟ್ಟಿಲ್ಲ, ನಿಮ್ಮನ್ನ ಬಿಡ್ತಾಳಾ?" ಎಂದರು ನನ್ನ ಗಂಡ.

ಮೇಲೂ ಕೆಳಗೂ ರಬ್ಬರ್ ಸೀಟು ಕೂರಿಸಿ, ಎರಡೂ ಕಡೆ ಜೋಡಿಸಿ, ಕಾರನ್ನು ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬೋಲ್ಟ್‌ಗಳನ್ನು ಪೂರ್ತಿ ಬಿಗಿದರು. ಮೊದಲು ಅಂಗೈ ತೂರದಿದ್ದ ಜಾಗದಲ್ಲಿ ಈಗ ಮುಷ್ಟಿ ಹೋಗುತ್ತಿತ್ತು. ನಾನು ದೂರ ಹೋಗಿ, ಹಿಂದಿನಿಂದ, ಪಕ್ಕದಿಂದ ನೋಡಿದೆ. ಕಾರು ಮಟ್ಟಸವಾಗಿತ್ತು. ಕಲ್ಲು ಇನ್ನು ಮೇಲೆ ಲಗೇಜ್ ಆಟೋದಲ್ಲಿ ಎಂದು ಅಲ್ಲೇ ಭಾಯ್ ಎದುರಿಗೇ ಇವರಿಂದ ಮಾತು ತೆಗೆದುಕೊಂಡೆ.

ಒಂದು ಭಾನುವಾರ ಬೀದಿಯ ಅಜ್ಜಿಯನ್ನೂ ಕೂರಿಸಿಕೊಂಡು ತೋಟಕ್ಕೆ ಹೋದೆವು. ತಮ್ಮ ಕಲ್ಲನ್ನು ನೋಡಬೇಕೆಂದು ಅವರೇ ಕೇಳಿದ್ದರು. ನನ್ನ ಗಂಡ ಪಂಪ್‌ಹೌಸಿನ ಮೂಲೆಯದನ್ನು ತೋರಿಸಿ "ಇದೇ ನಿಮ್ದು" ಎಂದರು. ಅಜ್ಜಿ ಬಗ್ಗಿ, ಕುಳಿಯೊಳಗೆ ಕೈಯಾಡಿಸಿ, ನೆಟ್ಟಗಾದರು.

"ಇದು ನಮ್ದಲ್ಲ."

"ಇದೇ ಅಜ್ಜಿ. ಮೊದಲು ತಂದಿದ್ದೇ ಇದು."

"ನಮ್ದು ಇಷ್ಟು ಆಳ ಇರ್ಲಿಲ್ಲ. ಯಾರಿಗ್ ಕೊಟ್ಬುಟ್ಟೆ ನಮ್ದು?" ಅವರ ದನಿ ಗಡುಸಾಯಿತು. ನನ್ನ ಕಡೆ ತಿರುಗಿ, "ಮಾರ್ಕೊಂಡ್ರೇನಮ್ಮ?" ಎಂದರು.

"ಇಲ್ಲ ಅಜ್ಜಿ, ಇವರು ಅಂಥವರಲ್ಲ" ಎಂದೆ. ಬಾಯಿಂದ ಅದು ಥಟ್ಟನೆ ಬಂದಿತ್ತು.

ಅಜ್ಜಿ ನಂಬಲಿಲ್ಲ. ಸಾಲಿನ ಉದ್ದಕ್ಕೂ ಒಂದೊಂದೇ ಕುಳಿಗೆ ಕೈಹಾಕಿ ನೋಡುತ್ತ ಹೋದರು. ಕೊನೆಗೆ ಅಂಚು ಮುಕ್ಕಾದ ಒಂದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸೆರಗಿನಿಂದ ಧೂಳು ಒರೆಸಿ, "ಇಲ್ಲೈತಲ್ಲ" ಎಂದರು. ನನ್ನ ಗಂಡ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು. ಅಜ್ಜಿ ತಂದಿದ್ದ ಅರಿಶಿನ ಕುಂಕುಮ ಅದಕ್ಕೆ ಹಚ್ಚಿ, ಎರಡು ಸೇವಂತಿಗೆ ಇಟ್ಟು ಕೈಮುಗಿದರು.

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ನಾನು ಮೆಲ್ಲಗೆ ಕೇಳಿದೆ.

"ನಿಜ ಹೇಳಿ, ಅಜ್ಜಿ ಪೂಜೆ ಮಾಡಿದ್ದು ಯಾರ ಮನೇದು?"

"ಗುಬ್ಬೀಲಿ ಒಬ್ರು ಮೇಷ್ಟ್ರ ಮನೇದು" ಎಂದರು ಅವರು. ಗೇರ್ ಬದಲಿಸಿ, ಒಂದು ಬಸ್ಸಿಗೆ ದಾರಿ ಬಿಟ್ಟು, ಮತ್ತೆ ಹೇಳಿದರು: "ಅಂತ ನಾನು ಅಂದ್ಕೊಂಡಿದ್ದೆ. ಈಗ ನಂಗೂ ಡೌಟು."