ಎಣಿಕೆಯಲ್ಲಿ ಒಬ್ಬ ಕಡಿಮೆ

ಸಿಪಾಯಣ್ಣ ಬಚ್ಚಲುಮನೆಯ ಬಾಗಿಲಿಗೆ ಚಿಲಕ ಹಾಕುವವನಲ್ಲ. ಸ್ವಂತ ಮನೆಯಲ್ಲೂ ಅಷ್ಟೇ, ನೆಂಟರ ಮನೆಯಲ್ಲೂ ಅಷ್ಟೇ. ಬಾಗಿಲು ಓರೆ ಮಾಡಿಕೊಂಡು, ಒಳಗೆ ಜನ ಇದ್ದಾರೆ ಅಂತ ಹೊರಗಿನವರಿಗೆ ತಿಳಿಯಲೆಂದು ಗಂಟಲು ಹರಿಯುವ ಹಾಗೆ ಹಾಡು ಹೇಳುತ್ತಾನೆ. "ಶತ್ರುಗಳು ಇವರನ್ನ ಯಾಕೆ ಬಿಟ್ಟು ಕಳಿಸಿದ್ರು ಅಂದ್ಕೊಂಡ್ರಿ? ಈ ಹಾಡು ತಡೀಲಾರದೇನೇ," ಅನ್ನುತ್ತಾಳೆ ಹೆಂಡತಿ, ಬಂದವರ ಮುಂದೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಆದರೆ ತಮಾಷೆಗೆಂದು ಯಾರಾದರೂ ಆ ಬಾಗಿಲನ್ನು ಹೊರಗಿನಿಂದ ಎಳೆದು ಹಿಡಿದರೆ ಮನುಷ್ಯ ಬಿಳಿಚಿಕೊಂಡುಬಿಡುತ್ತಾನೆ. ಒಮ್ಮೆ ಅವನ ಭಾವಮೈದ ಹಾಗೆ ಮಾಡಿ, ತಿಂಗಳುಗಟ್ಟಲೆ ಅಕ್ಕನ ಕೈಲಿ ಬೈಸಿಕೊಂಡ.

ಚುನಾವಣೆಯ ಪೋಸ್ಟರಿನಲ್ಲಿ ಅವನು ವೀರಯೋಧ. ನಿಜ ಹೇಳಬೇಕೆಂದರೆ ಸೈನ್ಯದ ಲಾರಿ ಡ್ರೈವರು. ಯುದ್ಧ ಶುರುವಾದ ಹೊಸದರಲ್ಲಿ ಮಂಜಿನಲ್ಲಿ ದಾರಿ ತಪ್ಪಿ, ಲಾರಿ ತುಂಬ ಆಲೂಗೆಡ್ಡೆ ಹೇರಿಕೊಂಡು, ನೆಟ್ಟಗೆ ಶತ್ರುಗಳ ಠಾಣೆಯ ಮುಂದೆ ಹೋಗಿ ನಿಂತು ಹಾರನ್ ಹೊಡೆದ. "ಗೇಟು ತೆಗಿಯೋಕೆ ಏನು ಧಾಡಿ ನಿಮಗೆ?" ಅಂತ ಬೈದದ್ದೂ ಉಂಟು. ಅವರು ತೆಗೆದರು. ಮತ್ತೆ ಅವನನ್ನು ಹೊರಗೆ ಬಿಡುವಷ್ಟರಲ್ಲಿ ವರ್ಷಗಳೇ ಉರುಳಿದ್ದವು. ಮಗ ಸತ್ತನೆಂದೇ ನಂಬಿಕೊಂಡು ಅವನ ತಾಯಿ ಕಣ್ಣು ಮುಚ್ಚಿದ್ದಳು.

ಬಂದಮೇಲೆ ಹೆಗಲ ಮೇಲೆ ಹೊತ್ತು ಕುಣಿದರು ಅಂದುಕೊಳ್ಳಬೇಡಿ. ನಮ್ಮದೇ ಅಧಿಕಾರಿಗಳು ಅವನನ್ನು ಒಂದು ಕೋಣೆಯಲ್ಲಿ ಕೂರಿಸಿ ವಾರಗಟ್ಟಲೆ ಕೇಳಿದರು: ಅಲ್ಲಿ ಏನೇನು ಬಾಯಿಬಿಟ್ಟೆ? ಏನು ಕೊಟ್ಟು ಜೀವ ಉಳಿಸಿಕೊಂಡೆ? ಊರಿಗೆ ಬಂದರೆ ಊರೂ ಅದನ್ನೇ ಕೇಳಿತು, ಬಾಯಲ್ಲಲ್ಲ, ಕಣ್ಣಲ್ಲಿ. ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, "ಮಾರಿಕೊಂಡಿರ್ತಾನೆ ಬಿಡು," ಅಂದದ್ದು ಕೇಳಿಸಿತು. ಆ ಒಂದು ಮಾತನ್ನು ತೊಳೆದುಕೊಳ್ಳುವುದಕ್ಕೇ ಅವನ ಅರ್ಧ ಆಯುಷ್ಯ ಸವೆಯಿತು. ಲಾರಿ ರಿಪೇರಿಯ ಷೆಡ್ಡು ಹಾಕಿದ. ಊರಿನ ನೀರು, ಶಾಲೆ, ಆಸ್ಪತ್ರೆ ಅಂತ ಕಚೇರಿ ಕಚೇರಿ ಅಲೆದ. ಯಾರ ಹತ್ತಿರವೂ ಒಂದು ಲೋಟ ಚಹಾ ಸಹ ಪುಕ್ಕಟೆ ಕುಡಿಯಲಿಲ್ಲ. ಕೊನೆಗೆ ಊರಿನವರೇ ಎಳೆದುಕೊಂಡು ಹೋಗಿ ಚುನಾವಣೆಗೆ ನಿಲ್ಲಿಸಿ ಶಾಸಕನನ್ನಾಗಿ ಮಾಡಿದರು. ಆದರೂ 'ಮಾರಿಕೊಂಡ' ಅನ್ನುವ ಮಾತು ಯಾರ ಬಗ್ಗೆ ಕೇಳಿದರೂ ಅವನು ಸೋಪು ಒರೆಸಿಕೊಳ್ಳುವವನ ಹಾಗೆ ಕೆನ್ನೆ ಉಜ್ಜಿಕೊಳ್ಳುತ್ತಿದ್ದ.

ಇಂಥವನನ್ನು ಅವನ ಪಕ್ಷದವರೇ ಹಿಡಿದು ಕೂಡಿಹಾಕಿದರು ನೋಡಿ! ವಿಶ್ವಾಸಮತಕ್ಕೆ ದಿನ ಗೊತ್ತಾಗಿತ್ತು. ಒಬ್ಬನೇ ಒಬ್ಬ ಕಡಿಮೆಯಾದರೂ ಸರ್ಕಾರ ಮಗುಚಿಕೊಳ್ಳುತ್ತಿತ್ತು. ಎದುರು ಪಕ್ಷದವರು ಯಾರನ್ನಾದರೂ ಕೊಂಡುಕೊಂಡಾರೆಂದು ತಮ್ಮ ಶಾಸಕರನ್ನೆಲ್ಲ ಊರಾಚೆಯ ದೊಡ್ಡ ಹೋಟೆಲಿಗೆ ತುಂಬಿ, ಫೋನು ಕಿತ್ತುಕೊಂಡು, ಗೇಟಿಗೆ ಕಾವಲು ಹಾಕಿದರು. ಉಸ್ತುವಾರಿಗೆ ಪಕ್ಷದ ಕೇಂದ್ರ ಕಚೇರಿಯಿಂದ ಒಬ್ಬ ಬಂದ. ಫೋನು ತುಂಬಿದ್ದ ಬೀರುವಿನ ಬೀಗದಕೈ ಅವನ ಸೊಂಟದಲ್ಲೇ ನೇತಾಡುತ್ತಿದ್ದದ್ದರಿಂದ ಎಲ್ಲರೂ ಬೆನ್ನ ಹಿಂದೆ ಅವನನ್ನು 'ಬೀಗದಕೈ' ಅಂತಲೇ ಕರೆದರು.

"ನಿಮಗಿದೇನು ಹೊಸದಾ ಸಿಪಾಯಣ್ಣಾ? ಆ ಸೆರೆಗೂ ಈ ಸೆರೆಗೂ ಏನು ವ್ಯತ್ಯಾಸ ಹೇಳಿ," ಅಂತ ಜೊತೆಯವರು ಕಿಚಾಯಿಸಿದರು.

"ಅಲ್ಲಿ ತಿಗಣೆ ಇತ್ತು, ಇಲ್ಲಿ ಈಜುಕೊಳ ಇದೆ," ಅಂದ. "ಆದ್ರೆ ಅಲ್ಲಿ ಕೂಡಿಹಾಕಿದೋರು ನಮ್ಮೋರಲ್ಲ ಅನ್ನೋ ಸಮಾಧಾನ ಇತ್ತಪ್ಪ."

ಮಾತಿಗೆ ನಕ್ಕ ನಿಜ. ಆದರೆ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಜಾತಿಯದು. ಅದಕ್ಕೆ ಬೂಟು ಅಡ್ಡ ಇಟ್ಟು ಮಲಗಿದ.

ಬೀಗದಕೈ ಪ್ರತಿ ಊಟಕ್ಕೂ ತಲೆ ಎಣಿಸುತ್ತಿದ್ದ. ಊಟದ ಹಜಾರದ ಮೆಟ್ಟಿಲ ಮೇಲೆ ನಿಂತು ಒಂದು ಸುತ್ತು, ಆಮೇಲೆ ಹೊರಗಿನ ವರಾಂಡದಲ್ಲಿ ಕೂತವರದು ಇನ್ನೊಂದು ಸುತ್ತು. ಎಲ್ಲರ ತಲೆ ಮೇಲೂ ಪಕ್ಷದ ಟೋಪಿ. ಸಿಪಾಯಣ್ಣ ಮೊದಲ ದಿನವೇ ಇದನ್ನೆಲ್ಲ ನೋಡಿಟ್ಟುಕೊಂಡ. ಬೇಕೆಂದಲ್ಲ, ಹಳೇ ಚಾಳಿ. ಎಣಿಸುವವನು ಮುಖ ನೋಡುವುದಿಲ್ಲ, ನೋಡಿದರೆ ಲೆಕ್ಕ ತಪ್ಪುತ್ತದೆ. ಶತ್ರುಗಳ ಸೆರೆಶಿಬಿರದ ಕಾವಲಿನವರೂ ಹೀಗೇ ಬೆರಳಾಡಿಸುತ್ತ, ತುಟಿ ಅಲ್ಲಾಡಿಸುತ್ತ, ಬರೀ ತಲೆ ಎಣಿಸುತ್ತಿದ್ದರು.

ಪಕ್ಕದ ಕೋಣೆಯವನು ಕಂಡಕ್ಟರ್. ಮೊದಲ ಸಲ ಗೆದ್ದ ಶಾಸಕ. ಅದಕ್ಕೆ ಮೊದಲು ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ. ವಿಧಾನಸಭೆಯಲ್ಲೂ ಸಿಪಾಯಣ್ಣನ ಪಕ್ಕದ ಕುರ್ಚಿಯೇ. ಒಂದು ದಿನವೂ ಎದ್ದು ಮಾತಾಡಿದವನಲ್ಲ. "ಮುಂದಕ್ಕೆ ನಡೀರಿ, ಮುಂದಕ್ಕೆ ನಡೀರಿ ಅಂತ ಊರಿಗೆಲ್ಲ ಹೇಳಿ, ನಾನೇ ಹಿಂದಿನ ಸೀಟು ಹಿಡಿದುಬಿಟ್ಟೆ ಕಣಣ್ಣಾ," ಅಂತ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ. ಮತದ ಹಿಂದಿನ ದಿನ ಮಾತ್ರ ಗೇಲಿ ಇರಲಿಲ್ಲ. ಅವನ ಹೆಂಡತಿಗೆ ಹೃದಯದ ಆಪರೇಷನ್ ನಿಗದಿಯಾಗಿತ್ತು, ಮತ ಹಾಕುವ ದಿನವೇ ಬೆಳಿಗ್ಗೆ, ಸಭಾಭವನದ ಹಿಂದಿನ ಬೀದಿಯ ಆಸ್ಪತ್ರೆಯಲ್ಲಿ. ಬೀಗದಕೈ ಮುಂದೆ ಅವನು ಅಂಗಲಾಚಿದ, ಕಾಲು ಹಿಡಿಯುವುದೊಂದು ಬಾಕಿ.

"ಆಪರೇಷನ್ ಮಾಡೋದು ಡಾಕ್ಟರು, ನೀವಲ್ಲ," ಅಂದ ಬೀಗದಕೈ. "ನೀವು ಆಚೆ ಕಾಲಿಟ್ರೆ ಆ ಕಡೆಯೋರು ಹಾರಿಸ್ಕೊಂಡು ಹೋಗಲ್ಲ ಅಂತ ಏನ್ರೀ ಗ್ಯಾರಂಟಿ?"

"ಒಂದು ಫೋನಾದ್ರೂ ಮಾಡ್ತೀನಿ ಸಾರ್."

"ಓಟು ಮುಗೀಲಿ, ಆಮೇಲೆ ನೋಡೋಣ."

ಕಂಡಕ್ಟರ್ ಮೆಟ್ಟಿಲ ಮೇಲೆ ಕೂತು, ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದ. "ಒಬ್ಬಳೇ ಹೋಗಿ ಅಡ್ಮಿಟ್ ಆಗಿರ್ತಾಳಣ್ಣಾ. ಮಾತ್ರೆ ನುಂಗೋಕೂ ಹೆದರೋಳು. ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ ಕೊಡೋವಾಗ ಕೈ ಹಿಡ್ಕೊಂಡಿರ್ತೀನಿ ಅಂತ ಮಾತು ಕೊಟ್ಟಿದ್ದೆ."

ಸಿಪಾಯಣ್ಣನಿಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಹೋಗಲಾಗಲಿಲ್ಲ. ಇಂಥದ್ದೊಂದು ಅಳುವನ್ನು ಅವನು ಮೊದಲೂ ಕೇಳಿದ್ದ.

ಶಿಬಿರದಲ್ಲಿ ಅವನ ಜೊತೆ ಒಬ್ಬ ಅಡುಗೆಯವನಿದ್ದ. ಮನೆ ಮನೆ ಅಂತ ಹಂಬಲಿಸಿ ಹಂಬಲಿಸಿ, ಒಂದು ದಿನ ಕಟ್ಟಿಗೆ ತರಲು ಕರೆದೊಯ್ದಾಗ ಕಾಡಿನಲ್ಲೇ ಉಳಿದುಕೊಂಡ. "ತಲುಪಿದ ಕೂಡ್ಲೇ ನಿಮ್ಮೆಲ್ಲರ ಮನೆಗೂ ಸುದ್ದಿ ಮುಟ್ಟಿಸ್ತೀನಿ, ಬದುಕಿದಾರೆ ಅಂತ," ಅಂದು ಹೋಗಿದ್ದ. ಉಳಿದವರು ಎಣಿಕೆಯಲ್ಲಿ ಅವನ ಜಾಗ ತುಂಬಿಸಿದರು: ಸಾಲಿನ ಈ ತುದಿಯಲ್ಲಿ ಎಣಿಸಿಕೊಂಡವನು ಬಗ್ಗಿ, ಬೆನ್ನುಗಳ ಹಿಂದೆ ಓಡಿ, ಆ ತುದಿಯಲ್ಲಿ ಹೋಗಿ ನಿಲ್ಲುವುದು. ಓಡುತ್ತಿದ್ದವನು ಸಿಪಾಯಣ್ಣ. ಸಿಕ್ಕಿಬಿದ್ದ ದಿನ ಅಲ್ಲಿಯ ಅಧಿಕಾರಿ ಒಬ್ಬೊಬ್ಬರ ಮುಂದೆಯೂ ನಿಂತು, "ಎಲ್ಲಿ ಹೋದ?" ಅಂತ ಕೇಳಿದ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಒಬ್ಬೊಬ್ಬರಿಗೂ ಬಂದೂಕಿನ ಹಿಡಿಯ ಏಟು. ಸಿಪಾಯಣ್ಣನ ಎಡಗಿವಿ ಅವತ್ತಿನಿಂದ ಮಂದ. ಅಷ್ಟೆಲ್ಲ ಅನುಭವಿಸಿ ಊರಿಗೆ ಬಂದು ನೋಡಿದರೆ ಯಾರ ಮನೆಗೂ ಸುದ್ದಿ ಬಂದಿರಲಿಲ್ಲ. ಆ ಅಡುಗೆಯವ ದಾರಿಯಲ್ಲೇ ಸತ್ತನೋ, ಮನೆ ಸೇರಿ ಮರೆತೇಬಿಟ್ಟನೋ, ಯಾರು ಬಲ್ಲರು? ಮರೆತಿದ್ದಾನೆ ಅಂತಲೇ ಸಿಪಾಯಣ್ಣನ ಹೊಟ್ಟೆಯುರಿ. ಒಂದು ಸುದ್ದಿ ಬಂದಿದ್ದರೆ ತಾಯಿ ಮಗನನ್ನು ಕಾಯುತ್ತ ಜೀವ ಹಿಡಿದುಕೊಂಡಿರುತ್ತಿದ್ದಳು ಅನ್ನುವ ಸಂಕಟ ಅವನನ್ನು ಬಿಟ್ಟಿರಲಿಲ್ಲ.

"ಏಳೋ ತಮ್ಮಾ," ಅಂದ. "ಅಡುಗೆಮನೆಯೋರು ಪಾಳಿ ಮುಗಿಸಿ ವ್ಯಾನಿನಲ್ಲಿ ಪೇಟೆಗೆ ಹೋಗ್ತಾರೆ. ಅವರ ಬಿಳೀ ಕೋಟು ಒಂದು ಹಾಕ್ಕೊಂಡು ಹತ್ತಿಬಿಡು. ಗೇಟಿನೋರು ಒಳಗೆ ಬರೋರನ್ನ ತಡೀತಾರೆ, ಪಾತ್ರೆ ತೊಳ್ದು ಹೋಗೋರನ್ನ ಯಾರೂ ನೋಡಲ್ಲ. ಇಲ್ಲಿಯ ಎಣಿಕೆ ನನಗೆ ಬಿಡು."

ಕಂಡಕ್ಟರ್ ಎದ್ದು ನಿಂತ. ಸಿಪಾಯಣ್ಣ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡ.

"ಕೇಳಿಲ್ಲಿ. ನಾಳೆ ಓಟಿನ ಗಂಟೆ ನಿಲ್ಲೋದ್ರೊಳಗೆ ನೀನು ನನ್ನ ಪಕ್ಕ ಕೂತಿರಬೇಕು. ಗಂಟೆ ನಿಂತ್ರೆ ಬಾಗಿಲು ಹಾಕಿಬಿಡ್ತಾರೆ. ನೀನು ಬರದೇ ಸರ್ಕಾರ ಬಿದ್ರೆ, ನಿನ್ನ ಆಚೆ ಬಿಟ್ಟೋನು ನಾನು ಅಂತ ಗೊತ್ತಾಗದೇ ಇರುತ್ತಾ? ಮಾರಿಕೊಂಡ ಅಂತಾರೆ ಕಣೋ. ಆ ಮಾತು ಇನ್ನೊಂದು ಸಲ ಕೇಳೋ ಶಕ್ತಿ ನನಗಿಲ್ಲ."

"ಬಂದೇ ಬರ್ತೀನಣ್ಣಾ. ನಮ್ಮಮ್ಮನಾಣೆ."

ಆ ಸಂಜೆಯ ಊಟಕ್ಕೆ ಸಿಪಾಯಣ್ಣ ಹಜಾರದಲ್ಲಿ ಬೆನ್ನು ತಿರುಗಿಸಿ ಕೂತು ಎಣಿಸಿಕೊಂಡ. ಬೀಗದಕೈ ವರಾಂಡದ ಕಡೆ ಹೊರಟದ್ದೇ ತಡ, ತಟ್ಟೆ ಎತ್ತಿಕೊಂಡು ಅಡುಗೆಮನೆಯೊಳಗಿಂದ ನುಸುಳಿ, ವರಾಂಡದ ಕೊನೆಯ ಕುರ್ಚಿ ಸೇರಿದ. "ಏನ್ರೀ, ಅಲ್ಲಿ ಸೆಕೆನಾ?" ಅಂದ ಪಕ್ಕದವನು. "ಸೆಕೆ," ಅಂದ. ಲೆಕ್ಕ ಸರಿಹೋಯಿತು.

ಬೆಳಗಿನ ತಿಂಡಿಗೆ ಜೀವ ಬಾಯಿಗೆ ಬಂತು. ವರಾಂಡ ಎಣಿಸುತ್ತಿದ್ದ ಬೀಗದಕೈಗೆ ಯಾರೋ ನಮಸ್ಕಾರ ಹಾಕಿದರು. "ಥತ್, ತಪ್ಪೋಯ್ತು," ಅಂದವನೇ ಅಲ್ಲಿಂದಲೇ ಮತ್ತೆ ಶುರುಮಾಡಿ, ಈ ಸಲ ಹಜಾರಕ್ಕೆ ಕೊನೆಯಲ್ಲಿ ಹೊರಟ. ಸಿಪಾಯಣ್ಣ ಬಂದ ದಾರಿಯಲ್ಲೇ ವಾಪಸು ಓಡಬೇಕಾಯಿತು, ಅರವತ್ತು ದಾಟಿದ ಮಂಡಿ ಹಿಡಿದುಕೊಂಡು. ಅಡುಗೆಮನೆಯ ಹೆಂಗಸೊಬ್ಬಳು, "ಇದೇನಜ್ಜ, ನಿಮಗೆ ಎರಡೂ ಕಡೆ ಊಟಾನಾ?" ಅಂದಳು. ಬೆರಳು ತುಟಿಗಿಟ್ಟುಕೊಂಡ. ಅವಳು ನಕ್ಕು ದಾರಿ ಬಿಟ್ಟಳು.

ಸಭೆಗೆ ಹೊರಡಲು ಎರಡು ಬಸ್ಸು. ಬೀಗದಕೈ ಬಾಗಿಲಲ್ಲಿ ನಿಂತು ಹತ್ತುವವರ ಬೆನ್ನು ತಟ್ಟಿ ಎಣಿಸುತ್ತಿದ್ದ. ಸಿಪಾಯಣ್ಣ ಮೊದಲನೆಯದನ್ನು ಹತ್ತಿ, ನೆಟ್ಟಗೆ ಡ್ರೈವರ್ ಹತ್ತಿರ ಹೋದ. "ನಾನೂ ಸ್ಟೇರಿಂಗ್ ಹಿಡಿದೋನೇ ಕಣಪ್ಪ. ನಿನ್ನ ಕಡೆ ಬಾಗಿಲು ಒಂದು ಸಲ ತೆಗಿ, ಹೊಟ್ಟೆ ಕೆಟ್ಟಿದೆ." ಆ ಕಡೆಯಿಂದ ಇಳಿದು, ಬಸ್ಸಿನ ಹಿಂದಿನಿಂದ ಸುತ್ತಿ, ಟೋಪಿ ಹುಬ್ಬಿನವರೆಗೆ ಎಳೆದುಕೊಂಡು ಎರಡನೆಯ ಬಸ್ಸಿನ ಸಾಲಿನಲ್ಲಿ ನಿಂತ. ಬೀಗದಕೈಯ ಅಂಗೈ ಅವನ ಬೆನ್ನ ಮೇಲೆ ಎರಡನೇ ಸಲ ಬಿತ್ತು. "ಎಲ್ಲಾ ಇದಾರೆ, ಬಿಡಿ," ಅಂತ ಕೂಗಿದ.

ಆದರೆ ಸಭಾಭವನದಲ್ಲಿ ಟೋಪಿ ಇಲ್ಲ, ಅವರವರ ಕುರ್ಚಿ ಅವರವರಿಗೆ. ಖಾಲಿ ಕುರ್ಚಿ ಹಲ್ಲು ಬಿದ್ದ ಬಾಯಿಯ ಹಾಗೆ ಎದ್ದು ಕಾಣುತ್ತಿತ್ತು. ಮೇಲಿನ ಗ್ಯಾಲರಿಯಲ್ಲಿ ಕೂತಿದ್ದ ಬೀಗದಕೈ ಅದನ್ನು ನೋಡಿ ಎದ್ದು ನಿಂತ. ಅವನ ಕೈ ಸೊಂಟದ ಬೀಗದಕೈ ಮೇಲೆ ಹೋಯಿತು, ಪಾಪ, ಈಗ ಅದನ್ನಿಟ್ಟುಕೊಂಡು ಏನು ಮಾಡುತ್ತಾನೆ? ಗಂಟೆ ಬಾರಿಸತೊಡಗಿತು. ಜವಾನರು ಬಾಗಿಲುಗಳ ಚಿಲಕಕ್ಕೆ ಕೈಯಿಟ್ಟು ನಿಂತರು. ಸಿಪಾಯಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಬರಲ್ಲ ಇವನು. ಆ ಅಡುಗೆಯವನೂ ಕೈಕೊಟ್ಟ, ಇವನೂ ಕೈಕೊಟ್ಟ. ಮುಗೀತು ನನ್ನ ಕತೆ.

ಅಷ್ಟರಲ್ಲಿ ಕಂಡಕ್ಟರ್ ಒಳಗೆ ನುಗ್ಗಿದ. ತಲೆ ಕೆದರಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಂದವನೇ ತನ್ನ ಕುರ್ಚಿಯಲ್ಲಿ ಕುಕ್ಕರಿಸಿದ.

"ಲೆಕ್ಕ ಸರಿಹೋಯ್ತು!" ಅಂದ ಸಿಪಾಯಣ್ಣ. ಅವನ ಬಾಯಿಂದ ಮೊದಲು ಬಿದ್ದ ಮಾತು ಅದು. "ಹೆಂಗಿದಾಳೋ?" ಅಂತ ಕೇಳಿದ್ದು ಆಮೇಲೆ.

"ಬೆಳಿಗ್ಗೆ ಇದ್ದ ಆಪರೇಷನ್ ತಡ ಮಾಡಿ ಈಗಕ್ಕೆ ಹಾಕಿಬಿಟ್ರಣ್ಣಾ. ಒಳಗೆ ತಳ್ಕೊಂಡು ಹೋಗ್ತಿದ್ರು. ಹೋಗಬೇಡ ಅಂತ ಕೈ ಹಿಡ್ಕೊಂಡುಬಿಟ್ಲು. ಒಂದೊಂದೇ ಬೆರಳು ಬಿಡಿಸಿ ಬಂದೆ." ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ನಾನು ಬರದೇ ಹೋದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತಲ್ಲಣ್ಣಾ."

ಥೂ ನನ್ನ ಜನ್ಮಕ್ಕೆ, ಅನಿಸಿತು ಸಿಪಾಯಣ್ಣನಿಗೆ. ಅವನ ಮುಖವನ್ನೂ ನೋಡದೆ ಮೊದಲು ತಲೆ ಎಣಿಸಿದೆನಲ್ಲ! ಗೇಟಿನಿಂದ ಹೊರಗೆ ಬಿಟ್ಟು, ಹಗ್ಗದ ತುದಿ ಕೈಯಲ್ಲೇ ಹಿಡಿದುಕೊಂಡಿದ್ದೆನಲ್ಲ! ಇಷ್ಟು ವರ್ಷ ಬೈದುಕೊಂಡು ಬಂದ ಆ ಅಡುಗೆಯವ ಕಣ್ಣ ಮುಂದೆ ಬಂದ. ಅವನು ಮನೆ ಮುಟ್ಟಿರಲಿ ದೇವರೇ, ಅಂದುಕೊಂಡ. ಮುಟ್ಟಿ, ಹೊಟ್ಟೆ ತುಂಬ ಉಂಡು, ಹೆಂಡತಿ ಮಕ್ಕಳ ಮಧ್ಯೆ ನಮ್ಮನ್ನೆಲ್ಲ ಮರೆತೇಬಿಟ್ಟಿರಲಿ.

"ಏಳು," ಅಂದ.

"ಅಣ್ಣಾ, ಗಂಟೆ..."

"ಗಂಟೆ ಇನ್ನೂ ಹೊಡೀತಾ ಇದೆ, ಬಾಗಿಲು ತೆಗೆದೇ ಇದೆ. ಓಡು."

"ನಿಮ್ಮನ್ನ ಮಾರಿಕೊಂಡ ಅಂತಾರಣ್ಣಾ!"

"ಅನ್ಲಿ. ನನಗೆ ಒಂದು ಕಿವಿ ಮಂದ." ತೋಳು ಹಿಡಿದು ಎಬ್ಬಿಸಿದ, ಎಲ್ಲರೂ ನೋಡುತ್ತಿದ್ದ ಹಾಗೇ ಬೆನ್ನಿಗೆ ಕೈ ಕೊಟ್ಟು ತಳ್ಳಿಕೊಂಡು ಹೋದ. "ಮುಂದಕ್ಕೆ ನಡಿ, ಮುಂದಕ್ಕೆ ನಡಿ." ಕಂಡಕ್ಟರ್ ಹೊಸಿಲು ದಾಟಿದ. ಸಿಪಾಯಣ್ಣ ದಾಟಲಿಲ್ಲ, ಅವನ ಓಟು ಪಕ್ಷದ್ದು, ಅದನ್ನು ಹಾಕಬೇಕಿತ್ತು. ಗಂಟೆ ನಿಂತಿತು. ಅವನ ಮುಖದ ಮುಂದೆಯೇ ಬಾಗಿಲು ಮುಚ್ಚಿ, 'ಖಟ್' ಅಂತ ಚಿಲಕ ಬಿತ್ತು. ಗೋಡೆ ಹಿಡಿದುಕೊಂಡು ತನ್ನ ಕುರ್ಚಿಗೆ ಬಂದ.

ಸರ್ಕಾರ ಬಿತ್ತು. ಮುಂದಿನ ಸಲ ಅವನಿಗೆ ಟಿಕೆಟ್ ಸಿಗಲಿಲ್ಲ. ಮನೆಯ ಗೋಡೆಗೆ ಡಾಂಬರಿನಲ್ಲಿ ಆ ಮಾತನ್ನೇ ಬರೆದು ಹೋದರು. ಹೆಂಡತಿ ಎಷ್ಟು ಸುಣ್ಣ ಬಳಿದರೂ ಅದು ಇವತ್ತಿಗೂ ಮಸುಕಾಗಿ ಕಾಣುತ್ತದೆ. ಕಂಡಕ್ಟರನ ಹೆಂಡತಿ ಉಳಿದಳು. ಆಗಾಗ ಬಂದು ಬಚ್ಚಲುಮನೆಯ ಹಾಡು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

ಆದರೆ ಅವತ್ತು, ಮತ ಮುಗಿದು ಚಿಲಕ ತೆಗೆದ ಗಳಿಗೆಯಲ್ಲಿ, ಸರ್ಕಾರ ಬಿದ್ದದ್ದು ಬಿಟ್ಟು ಇದು ಯಾವುದೂ ಸಿಪಾಯಣ್ಣನಿಗೆ ಗೊತ್ತಿರಲಿಲ್ಲ. ಬೀಗದಕೈ ಮೆಟ್ಟಿಲು ಹಾರಿಕೊಂಡು ಬಂದು, ಕೆಂಡದಂಥ ಮುಖ ಮಾಡಿಕೊಂಡು, ಅವನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತ.

"ಒಬ್ಬ ಕಡಿಮೆ! ಎಲ್ಲಿ ಹೋದ?"

ಸಿಪಾಯಣ್ಣ ಬೆನ್ನು ನೆಟ್ಟಗೆ ಮಾಡಿ ನಿಂತ. ಎಡಗಿವಿಯ ಕಡೆ ಏಟು ಬರುವುದೇನೋ ಎಂದು ಕೆನ್ನೆ ತಾನಾಗಿ ಬಿಗಿಯಿತು. ಆದರೂ ಈ ಸಲ ಬಾಯಿಬಿಟ್ಟ.

"ಹೆಂಡ್ತಿ ಹತ್ರ ಹೋದ," ಅಂದ. "ನಾನೇ ಕಳಿಸ್ದೆ."